ಮಳೆ ಲೆಕ್ಕಕ್ಕೆ ಫ್ರೀಬಿಎಸ್‌ಡಿ: ಆರ್ ಮತ್ತು ಕ್ಯೂಜಿಐಎಸ್ ಹಾಕಿಕೊಂಡ ನನ್ನ ಅನುಭವ

ಚಿತ್ರದುರ್ಗ ಜಿಲ್ಲೆಯ ಆರು ತಾಲ್ಲೂಕುಗಳ ಮಳೆ ಲೆಕ್ಕವನ್ನು ನಮ್ಮ ಭೂಗೋಳ ವಿಭಾಗದ ಮಕ್ಕಳ ಕೈಯಲ್ಲೇ ಮಾಡಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಪಡುವಲ ಕಡೆಯ ಹೊಳಲ್ಕೆರೆಯ ಮಳೆಯೇ ಬೇರೆ, ಮೂಡಲ ಚಳ್ಳಕೆರೆಯ ಮಳೆಯೇ ಬೇರೆ. ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಸರಾಸರಿ ಇಷ್ಟು ಮಿಲಿಮೀಟರ್ ಎಂದು ಬರೆದು ಕೈತೊಳೆದುಕೊಂಡರೆ ಏನೂ ತಿಳಿಯುವುದಿಲ್ಲ. ವರ್ಷ ವರ್ಷದ ಏರಿಳಿತ ನೋಡಬೇಕು, ಅದನ್ನು ನಕ್ಷೆಯ ಮೇಲೆ ಇಟ್ಟು ನೋಡಬೇಕು. ಅಂಕಿಅಂಶಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್. ಎರಡೂ ಮುಕ್ತ ತಂತ್ರಾಂಶಗಳು, ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ.

ಕೆಲಸಕ್ಕೆ ಸಿಕ್ಕ ಕಂಪ್ಯೂಟರ್ ದಾವಣಗೆರೆಯಿಂದ ಬಂದದ್ದು. ಅಲ್ಲಿನ ಗೆಳೆಯರೊಬ್ಬರು ತಮ್ಮ ಕಚೇರಿಯಲ್ಲಿ ಫೈಲು ಇಡಲು ಬಳಸುತ್ತಿದ್ದ ಯಂತ್ರವನ್ನು ಕೊಟ್ಟರು. ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಅಲ್ಲ, ಫ್ರೀಬಿಎಸ್‌ಡಿ. "ಬ್ಯಾಡ ಅನ್ಸಿದ್ರೆ ಅಳಿಸಿ ಉಬುಂಟು ಹಾಕ್ಕೊಳ್ರಿ ಮೇಡಂ" ಎಂದರು. ನಾನು ಅಳಿಸಲಿಲ್ಲ. ಅದರ ಎರಡು ಡಿಸ್ಕುಗಳು ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದಕ್ಕೊಂದು ಕನ್ನಡಿಯಾಗಿ ಜೋಡಿಸಿದ್ದವು. ಝಡ್‌ಎಫ್‌ಎಸ್ ಓದುವ ಪ್ರತಿ ತುಣುಕಿನ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಸುವ ಸಂಖ್ಯೆ) ತಾಳೆ ನೋಡುತ್ತದೆ. ಒಂದು ಡಿಸ್ಕಿನಲ್ಲಿ ಕೆಟ್ಟಿದ್ದರೆ ಇನ್ನೊಂದರಿಂದ ಸರಿಪಡಿಸಿಕೊಳ್ಳುತ್ತದೆ. ಹಳೆಯ ಮಳೆ ಪುಸ್ತಕಗಳಿಂದ ಮಕ್ಕಳು ಕೂತು ಟೈಪ್ ಮಾಡಿದ ಅಂಕಿಗಳಿಗೆ ಅಷ್ಟು ಕಾವಲು ಇರಲೇಬೇಕು ಅನ್ನಿಸಿತು.

ನನಗೆ ಲಿನಕ್ಸ್ ಗೊತ್ತಿತ್ತು, ಫ್ರೀಬಿಎಸ್‌ಡಿ ಗೊತ್ತಿರಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ವಂಶದಿಂದ ಬಂದ ಇದರ ಮೊದಲ ಆವೃತ್ತಿ ಹೊರಬಂದದ್ದು 1993ರಲ್ಲಿ. ಕಮಾಂಡುಗಳು ಮೇಲುನೋಟಕ್ಕೆ ಒಂದೇ ಥರ ಕಾಣುತ್ತವೆ. ಹಾಗಾಗಿ ಲಿನಕ್ಸಿಗೆ ಬರೆದ ಸಾಲುಗಳನ್ನೇ ತಂದು ಅಂಟಿಸುವ ಆಸೆಯಾಗುತ್ತದೆ. ನಾನು ಅದನ್ನು ತಡೆದುಕೊಂಡು ಮೊದಲು ಫ್ರೀಬಿಎಸ್‌ಡಿಯವರದೇ ಹ್ಯಾಂಡ್‌ಬುಕ್ ಓದಿದೆ. ಅದರ ಜೊತೆಗೆ 'ಮ್ಯಾನ್ ಹಿಯರ್' ಎಂದು ಕೊಟ್ಟರೆ ಬರುವ ಪುಟವನ್ನೂ ಓದಿದೆ. ಯಾವ ಫೋಲ್ಡರಿನಲ್ಲಿ ಏನಿರಬೇಕು ಎಂದು ಹೇಳುವ ಪುಟ ಅದು. ಮುಂದೆ ಎದುರಾದ ಹೆಚ್ಚುಕಡಿಮೆ ಎಲ್ಲ ತೊಡಕಿಗೂ ಉತ್ತರ ಆ ಒಂದು ಪುಟದಲ್ಲೇ ಇತ್ತು.

ವಿಷಯ ಇಷ್ಟು. ಲಿನಕ್ಸಿನಲ್ಲಿ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ತಿರುಳು, ಒಬ್ಬರದು, ಅದರ ಸುತ್ತಲ ಸಲಕರಣೆ ಇನ್ನೊಬ್ಬರದು. ಉಬುಂಟು, ಫೆಡೋರಾದಂಥವರು ಎಲ್ಲವನ್ನೂ ಕೂಡಿಸಿ ಕೊಡುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಕರ್ನಲ್ಲು, ಅದರ ಮೂಲ ಸಲಕರಣೆಗಳೆರಡೂ ಒಂದೇ ತಂಡದ ಒಂದೇ ಮೂಲಸಂಕೇತದಿಂದ ಬರುತ್ತವೆ. ಇದನ್ನು ಬೇಸ್ ಸಿಸ್ಟಂ ಅನ್ನುತ್ತಾರೆ. ನಾವು ಆಮೇಲೆ ಹಾಕಿಕೊಂಡದ್ದೆಲ್ಲ, ಅದು ಆರ್ ಆಗಲಿ ಫೈರ್‌ಫಾಕ್ಸ್ ಆಗಲಿ, /ಯುಎಸ್‌ಆರ್/ಲೋಕಲ್ ಒಳಗೆ ಹೋಗುತ್ತದೆ. ಅವುಗಳ ಸೆಟ್ಟಿಂಗ್ ಫೈಲುಗಳೂ ಅಲ್ಲೇ. ಗೋಡೆ ಮನೆಯೊಡೆಯರದು, ಸಾಮಾನು ಬಾಡಿಗೆಯವರದು ಅನ್ನುವ ಹಾಗೆ. ಈ ಗೆರೆ ಮನಸ್ಸಿನಲ್ಲಿ ನಿಂತರೆ ಅರ್ಧ ಕೆಲಸ ಮುಗಿದಂತೆ.

ಪ್ರಯೋಗಾಲಯದಲ್ಲಿ ಇಂಟರ್‌ನೆಟ್ ಲೈನ್ ಇರಲಿಲ್ಲ. ನನ್ನ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿದೆ. 'ಕೆಎಲ್‌ಡಿಲೋಡ್' ಕಮಾಂಡಿನಿಂದ ಇಫ್_ಯುಆರ್‌ಎನ್‌ಡಿಐಎಸ್ ಮಾಡ್ಯೂಲ್ ಲೋಡ್ ಮಾಡಿದರೆ ಫೋನು ಯುಇ0 ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. 'ಡಿಎಚ್‌ಕ್ಲೈಂಟ್ ಯುಇ0' ಎಂದರೆ ಜಾಲ ಸಿಗುತ್ತದೆ.

ಏನನ್ನೂ ಹಾಕುವ ಮುಂಚೆ 'ಬಿಇಸಿಟಿಎಲ್ ಕ್ರಿಯೇಟ್' ಎಂದು ಒಂದು ಬೂಟ್ ಎನ್ವಿರಾನ್‌ಮೆಂಟ್ ಮಾಡಿಟ್ಟೆ. ಆ ಹೊತ್ತಿನ ಇಡೀ ವ್ಯವಸ್ಥೆಯ ಒಂದು ಪ್ರತಿ ಅದು. ಎಲ್ಲಾದರೂ ಕೆಟ್ಟರೆ ಮೆಷಿನ್ ಶುರುವಾಗುವಾಗ ಬರುವ ಮೆನುವಿನಲ್ಲಿ ಅದನ್ನು ಆರಿಸಿಕೊಂಡು ಹಿಂದಿನ ಸ್ಥಿತಿಗೆ ಮರಳಬಹುದು. ಝಡ್‌ಎಫ್‌ಎಸ್ ಇದ್ದವರು ಇದನ್ನು ಬಿಡಲೇಬಾರದು. ಕ್ಷಣಮಾತ್ರದ ಕೆಲಸ. ಇದೊಂದು ಇದೆ ಎಂಬ ಧೈರ್ಯಕ್ಕೇ ನಾನು ಕೀಬೋರ್ಡನ್ನು ವಿದ್ಯಾರ್ಥಿನಿಯೊಬ್ಬಳ ಕೈಗೆ ಕೊಟ್ಟೆ.

ಆರ್ ಹಾಕುವುದು ಕಷ್ಟವಲ್ಲ. ಸಿದ್ಧ ತಂತ್ರಾಂಶವನ್ನು ಇಳಿಸಿ ಹಾಕಲು ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ ಎಂಬ ಸಲಕರಣೆ ಇದೆ. 'ಪಿಕೆಜಿ ಇನ್‌ಸ್ಟಾಲ್ ಆರ್' ಎಂದರೆ ಮುಗಿಯಿತು. ಹೆಸರು ದೊಡ್ಡಕ್ಷರದಲ್ಲಿರಬೇಕು, ಅಷ್ಟೆ. ಮೂಲಸಂಕೇತವನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಜಿಸಿಸಿ ಕಂಪೈಲರೂ ಜೊತೆಗೆ ಬರುವುದನ್ನು ನೋಡಿ ಅವಳು ಕೇಳಿದಳು: "ಕಂಪೈಲರ್ ಆಗಲೇ ಐತಲ್ರೀ ಮೇಡಂ, ಇನ್ನೊಂದ್ಯಾಕೆ?" ಬೇಸ್‌ನಲ್ಲಿರುವ ಕಂಪೈಲರ್ ಕ್ಲ್ಯಾಂಗ್. ಅದು ಸಿ, ಸಿ ಪ್ಲಸ್ ಪ್ಲಸ್ ಭಾಷೆಗಳನ್ನು ನೋಡಿಕೊಳ್ಳುತ್ತದೆ, ಫೋರ್ಟ್ರಾನ್ ಅದಕ್ಕೆ ಬಾರದು. ಆರ್ ನೆಚ್ಚಿಕೊಂಡಿರುವ, ಮ್ಯಾಟ್ರಿಕ್ಸ್ ಲೆಕ್ಕಗಳ ಲ್ಯಾಪ್ಯಾಕ್ ಲೈಬ್ರರಿ ಇಂದಿಗೂ ಫೋರ್ಟ್ರಾನಿನಲ್ಲಿದೆ. ಅದಕ್ಕಾಗಿ ಜಿಸಿಸಿ ಕಡೆಯ ಜಿಫೋರ್ಟ್ರಾನ್ ಬೇಕು.

ನಿಜವಾದ ಕೆಲಸ ಶುರುವಾಗುವುದು ಆರ್‌ನ ಒಳಗಿನ ಪ್ಯಾಕೇಜುಗಳಲ್ಲಿ. ವಿಂಡೋಸ್ ಮತ್ತು ಮ್ಯಾಕ್ ಬಳಸುವವರಿಗೆ ಕ್ರಾನ್ (ಆರ್ ಪ್ಯಾಕೇಜುಗಳ ಭಂಡಾರ) ಸಿದ್ಧ ಬೈನರಿ ಕೊಡುತ್ತದೆ. ಫ್ರೀಬಿಎಸ್‌ಡಿಗೆ ಕೊಡುವುದಿಲ್ಲ, ಮೂಲಸಂಕೇತ ಇಳಿಸಿಕೊಂಡು ನಮ್ಮ ಮೆಷಿನ್ನಿನಲ್ಲೇ ಕಂಪೈಲ್ ಮಾಡಬೇಕು. ತಾಲ್ಲೂಕಿನ ಗಡಿ ಓದಲು ಬೇಕಾದ ಎಸ್‌ಎಫ್ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಅದು ಜಿಡಾಲ್, ಜಿಯೋಸ್, ಪ್ರೋಜ್, ಯುಡಿಯುನಿಟ್ಸ್ ಎಂಬ ನಾಲ್ಕು ಲೈಬ್ರರಿಗಳ ಮೇಲೆ ನಿಂತಿದೆ. ನಾಲ್ಕನ್ನೂ ಪಿಕೆಜಿಯಿಂದ ಹಾಕಿದ ಮೇಲೂ, ಕೈಯಿಂದ ಕಂಪೈಲ್ ಮಾಡುವ ಇಂಥ ಪ್ಯಾಕೇಜುಗಳಲ್ಲಿ 'ಹೆಡರ್ ಫೈಲ್ ಸಿಗಲಿಲ್ಲ' ಎಂಬ ಎರರ್ ಬರುವುದುಂಟು. ಫೈಲು ಕಣ್ಣೆದುರಿಗೇ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್‌ನಲ್ಲಿ ಇರುತ್ತದೆ! ಇಲ್ಲೇ ಆ ಗೆರೆ ನೆನಪಾಗಬೇಕು. ಕ್ಲ್ಯಾಂಗ್ ಬೇಸ್‌ಗೆ ಸೇರಿದ್ದು. ಹೇಳದೆ ಇದ್ದರೆ ಅದು ಲೋಕಲ್ ಫೋಲ್ಡರಿನೊಳಗೆ ಹುಡುಕುವುದಿಲ್ಲ. ಹೋಮ್ ಫೋಲ್ಡರಿನ '.ಆರ್' ಒಳಗೆ ಮೇಕ್‌ವಾರ್ಸ್ ಎಂಬ ಫೈಲು ಮಾಡಿ, ಸಿಪಿಪಿಫ್ಲ್ಯಾಗ್ಸ್‌ಗೆ ಇನ್‌ಕ್ಲೂಡ್ ದಾರಿಯನ್ನೂ ಎಲ್‌ಡಿಫ್ಲ್ಯಾಗ್ಸ್‌ಗೆ ಲಿಬ್ ದಾರಿಯನ್ನೂ ಬರೆದರೆ ಆ ಎರರ್ ಹೋಗುತ್ತದೆ.

ಎಸ್‌ಎಫ್, ಟೆರ್ರಾದಂಥ ಭಾರಿ ಪ್ಯಾಕೇಜುಗಳಿಗೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. 'ಪಿಕೆಜಿ ಸರ್ಚ್ ಆರ್-ಕ್ರಾನ್' ಎಂದು ಹುಡುಕಿದರೆ ಫ್ರೀಬಿಎಸ್‌ಡಿಯವರು ಮೊದಲೇ ಕಂಪೈಲ್ ಮಾಡಿಟ್ಟ ಪಟ್ಟಿ ಸಿಗುತ್ತದೆ. ನಾನು ಇಟ್ಟುಕೊಂಡ ನಿಯಮ ಇದು: ಸಿ ಪ್ಲಸ್ ಪ್ಲಸ್ ಇರುವ ದೊಡ್ಡವನ್ನು ಪಿಕೆಜಿಯಿಂದ, ಅಲ್ಲಿ ಸಿಗದ ಸಣ್ಣವನ್ನು ಮಾತ್ರ ಕ್ರಾನ್‌ನಿಂದ. ಪೈಥಾನಿಗೂ ಇದೇ ಮಾತು. ನಂಪೈ, ಸೈಪೈ ಎಂಬ ಲೆಕ್ಕದ ಲೈಬ್ರರಿಗಳಿಗೆ ಪೈಥಾನಿನದೇ ಸಲಕರಣೆ ಪಿಪ್ ಕಡೆಯಿಂದ ಫ್ರೀಬಿಎಸ್‌ಡಿಯ ಸಿದ್ಧ ಕಡತ ಬರುವುದಿಲ್ಲ, ಪಿಕೆಜಿಯಲ್ಲಿ ಸಿದ್ಧವಾಗಿ ಸಿಗುತ್ತವೆ.

ಬೇರೆಯವರು ಬರೆದ ಸ್ಕ್ರಿಪ್ಟುಗಳ ವಿಷಯದಲ್ಲೂ ಅದೇ ಗೆರೆ ಅಡ್ಡ ಬರುತ್ತದೆ. "ಇದ್ರಾಗೆ ಬ್ಯಾಶೇ ಇಲ್ವಲ್ರೀ" ಎಂದಳು ಅವಳು. ಬ್ಯಾಶ್ ಅಂದರೆ ಕಮಾಂಡುಗಳನ್ನೂ ಸ್ಕ್ರಿಪ್ಟುಗಳನ್ನೂ ಓದಿ ನಡೆಸುವ ಪ್ರೋಗ್ರಾಂ. ಬೇಸ್‌ನಲ್ಲಿ ಇಲ್ಲ, ಸರಿ. ಪಿಕೆಜಿಯಿಂದ ಹಾಕಿದಾಗ ಅದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಕೂರುತ್ತದೆ. ಹಾಗಾಗಿ ಮೊದಲ ಸಾಲಿನಲ್ಲಿ /ಬಿನ್/ಬ್ಯಾಶ್ ಎಂದಿರುವ ಸ್ಕ್ರಿಪ್ಟು ಓಡುವುದಿಲ್ಲ. ಆ ಜಾಗದಲ್ಲಿ '/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್' ಎಂದು ಬರೆದರೆ ಲಿನಕ್ಸಿನಲ್ಲೂ ಓಡುತ್ತದೆ, ಇಲ್ಲೂ ಓಡುತ್ತದೆ. ಕಂಪೈಲ್ ಕೆಲಸ ನಡೆಸುವ 'ಮೇಕ್' ಕೂಡ ಇಲ್ಲಿ ಬಿಎಸ್‌ಡಿಯದು. ಗ್ನೂ ಮೇಕ್‌ಗೆ ಬರೆದ ಫೈಲಿದ್ದರೆ 'ಜಿಮೇಕ್' ಬಳಸಬೇಕು.

ಕ್ಯೂಜಿಐಎಸ್ ಪಿಕೆಜಿಯಿಂದಲೇ ಬಂತು. ಗಾತ್ರ ದೊಡ್ಡದು, ಫೋನಿನ ಡೇಟಾ ನೋಡಿಕೊಂಡು ಇಳಿಸಬೇಕು, ಅಷ್ಟೇ ಹೇಳುವುದಿರುವುದು. ಪಿಕೆಜಿಗೆ ಕ್ವಾರ್ಟರ್ಲಿ (ಮೂರು ತಿಂಗಳಿಗೊಮ್ಮೆ ಹೊಸದಾಗುವುದು), ಲೇಟೆಸ್ಟ್ (ಆಗಾಗ ಹೊಸದಾಗುವುದು) ಎಂದು ಎರಡು ಶಾಖೆಗಳಿವೆ. ಪಾಠಕ್ಕೆ, ಸಂಶೋಧನೆಗೆ ಕ್ವಾರ್ಟರ್ಲಿ ಸಾಕು. ಎರಡನ್ನೂ ಬೆರೆಸಿದರೆ ಲೈಬ್ರರಿಗಳ ಆವೃತ್ತಿ ತಾಳೆಯಾಗದೆ ಕಷ್ಟವಾಗುತ್ತದೆ.

ಇನ್ನು ಕನ್ನಡ. ನಕ್ಷೆ ಮತ್ತು ಗ್ರಾಫುಗಳ ಮೇಲೆ ತಾಲ್ಲೂಕಿನ ಹೆಸರು ಕನ್ನಡದಲ್ಲೇ ಇರಬೇಕು ಅನ್ನುವುದು ನನ್ನ ಹಟ. ನಮ್ಮ ಮಕ್ಕಳು ತಮ್ಮೂರಿನ ಲೆಕ್ಕವನ್ನು ತಮ್ಮ ಅಕ್ಷರದಲ್ಲಿ ಓದಲಿ. ನೋಟೋ ಕನ್ನಡ ಅಕ್ಷರಗಳನ್ನು ಹಾಕಿ, ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಯುಟಿಎಫ್-8 ಎಂದು ಖಚಿತಮಾಡಿಕೊಂಡೆ. ಆರ್‌ನ ಮಾಮೂಲಿ ಪಿಡಿಎಫ್ ಸಾಧನಕ್ಕೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ಬದಲಿಗೆ 'ಕೈರೋ_ಪಿಡಿಎಫ್' ಬಳಸಬೇಕು. ಅದರ ಹಿಂದಿರುವ ಪ್ಯಾಂಗೋ ಲೈಬ್ರರಿ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಪರೀಕ್ಷೆಗೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪದಗಳು ಬೇಕಿಲ್ಲ: ಚಿತ್ರದುರ್ಗದ ಅರ್ಕಾವತ್ತು, ಚಳ್ಳಕೆರೆಯ ಳ್ಳ, ಮೊಳಕಾಲ್ಮೂರಿನ ಲ್ಮೂ. ಮೂರೂ ನೆಟ್ಟಗೆ ಮೂಡಿದರೆ ಉಳಿದದ್ದಕ್ಕೆ ಚಿಂತೆಯಿಲ್ಲ.

ತಂತ್ರಾಂಶ ಓಡಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದು ನಂಬುವವಳು ನಾನಲ್ಲ. ವಿಜ್ಞಾನದ ತಂತ್ರಾಂಶಕ್ಕೆ ಇದು ತುಂಬ ಮುಖ್ಯ, ಬಹಳ ಜನ ಬಿಡುವುದೂ ಇದನ್ನೇ. ಅದೇ ಮಳೆ ಫೈಲು, ಅದೇ ಸ್ಕ್ರಿಪ್ಟನ್ನು ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಓಡಿಸಿ ಉತ್ತರಗಳನ್ನು ತಾಳೆ ನೋಡಿದೆವು. ಎರಡೂ ಕಡೆಯ ಬ್ಲಾಸ್ ಎಂಬ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ಬೇರೆಯಾಗಿದ್ದರೆ ಕೂಡಿಸುವ ಕ್ರಮ ಬದಲಾಗಿ ಕೊನೆಯ ದಶಮಾಂಶ ಸ್ಥಾನಗಳಲ್ಲಿ ಚೂರು ವ್ಯತ್ಯಾಸ ಬರಬಹುದು, ಅದು ದೋಷವಲ್ಲ. ಆದ್ದರಿಂದ ಪೂರ್ತಿ ಒಂದೇ ಆಗಿರಬೇಕೆನ್ನುವ 'ಐಡೆಂಟಿಕಲ್' ಬೇಡ, ಚೂರು ವ್ಯತ್ಯಾಸ ಒಪ್ಪುವ 'ಆಲ್.ಈಕ್ವಲ್' ಬಳಸಿ. ಯಾವ ಬ್ಲಾಸ್, ಯಾವ ಆವೃತ್ತಿ ಎಂಬುದನ್ನು 'ಸೆಷನ್‌ಇನ್ಫೋ' ಹೇಳುತ್ತದೆ. ಅದರ ಪ್ರತಿಯೊಂದನ್ನು ಪ್ರಾಜೆಕ್ಟ್ ವರದಿಯ ಕೊನೆಗೆ ಹಚ್ಚಿಸುತ್ತಿದ್ದೇನೆ.

ಪ್ರಯೋಗಾಲಯದ ಇನ್ನೊಂದು ಮೆಷಿನ್ನಿಗೂ ಇದನ್ನೇ ಹಾಕುವುದಿದೆ. 'ಪಿಕೆಜಿ ಪ್ರೈಮ್-ಲಿಸ್ಟ್' ಎಂದರೆ ನಾವಾಗಿ ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳ ಹೆಸರಷ್ಟೇ ಬರುತ್ತವೆ, ಜೊತೆಗೆ ತಾವಾಗಿ ಬಂದವು ಬರುವುದಿಲ್ಲ. ಆ ಪಟ್ಟಿಯನ್ನು ಒಂದು ಫೈಲಿಗೆ ಇಳಿಸಿ, ಮೇಕ್‌ವಾರ್ಸ್ ಜೊತೆ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇವೆ. ಅಲ್ಲಿ ಅದನ್ನು ಪಿಕೆಜಿ ಇನ್‌ಸ್ಟಾಲ್‌ಗೆ ಕೊಟ್ಟರೆ ಸಾಕು, ಒಂದೊಂದಾಗಿ ಟೈಪ್ ಮಾಡಬೇಕಿಲ್ಲ.