ಊರ ಕಲ್ಲಿನ ಹಳಗನ್ನಡ ಶಾಸನ: ಎಐ ನೆರವಿನಿಂದ ಓದುವ ಬಗೆ

ಗುಡಿಯ ಹಿಂದೆಯೋ ಕೆರೆ ಏರಿಯ ಮೇಲೋ ನಿಂತ ಬರಹದ ಕಲ್ಲಿನ ಫೋಟೊ ತೆಗೆದು, ಚಾಟ್‌ಬಾಟ್‌ಗೆ ಕೊಟ್ಟು, ‘ಇದರಲ್ಲಿ ಏನು ಬರೆದಿದೆ?’ ಎಂದು ಕೇಳಿ ನೋಡಿ. ಉತ್ತರ ಬಂದೇ ಬರುತ್ತದೆ. ‘ಸ್ವಸ್ತಿ ಶ್ರೀ’ ಎಂದು ಶುರುವಾಗಿ, ಒಬ್ಬ ರಾಜ, ಒಂದು ದಾನ, ಕೊನೆಗೆ ದಾನ ಅಳಿಸಿದವರಿಗೆ ಶಾಪ. ಕೇಳಲು ಶಾಸನದಂತೆಯೇ ಇರುತ್ತದೆ. ಆದರೆ ಬಹಳ ಸಲ ನಿಮ್ಮ ಕಲ್ಲಿನಲ್ಲಿ ಇರುವುದು ಅದಲ್ಲ.

ಕಾರಣ ಸರಳ. ಶಾಸನದಲ್ಲಿ ಎರಡು ಬಗೆಯ ಮಾತು ಇರುತ್ತದೆ. ಒಂದು, ನೂರಾರು ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಸಿದ್ಧ ಮಾತು: ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ’, ‘ನಮಸ್ತುಂಗ ಶಿರಶ್ಚುಂಬಿ’, ‘ಸ್ವದತ್ತಾಂ ಪರದತ್ತಾಂ ವಾ’. ಇನ್ನೊಂದು, ಈ ಕಲ್ಲಿನಲ್ಲಿ ಮಾತ್ರ ಇರುವ ಮಾತು: ಸತ್ತವನ ಹೆಸರು, ಊರು, ಹೊಲದ ಅಳತೆ, ಎಲ್ಲೆಕಟ್ಟು, ಕಲ್ಲು ಕಡೆದವನು ಯಾರು. ಮೊದಲನೆಯದನ್ನು ಎಐ ಎರಡು ಅಕ್ಷರ ಕಂಡರೂ ನೆನಪಿನಿಂದ ಪೂರ್ತಿ ಮಾಡಬಲ್ಲದು. ಎರಡನೆಯದಕ್ಕೆ ಅದರ ನೆನಪಿನಲ್ಲಿ ಆಧಾರವೇ ಇಲ್ಲ. ಆದರೂ ಅದೇ ಧೈರ್ಯದಿಂದ ಬರೆದುಬಿಡುತ್ತದೆ. ಕಲ್ಲು ನೆಟ್ಟಿದ್ದೇ ಎರಡನೆಯದಕ್ಕಾಗಿ. ಆದ್ದರಿಂದ ಇಲ್ಲಿ ಹೇಳುವ ಕೆಲಸದ ಕ್ರಮವೆಲ್ಲ ಒಂದೇ ಗುರಿಯದು: ಕಂಡದ್ದು ಯಾವುದು, ತುಂಬಿದ್ದು ಯಾವುದು ಎಂಬುದು ಎಲ್ಲೂ ಬೆರೆಯಬಾರದು.

ಒಂದು ಸಮಾಧಾನವಿದೆ. ಹಳಗನ್ನಡದ ಲಿಪಿಯೂ ಭಾಷೆಯೂ ನಮಗೆ ಗೊತ್ತಿರುವಂಥವು, ಆದ್ದರಿಂದ ಯಂತ್ರದ ಉತ್ತರವನ್ನು ತೂಗಿ ನೋಡಲು ತಕ್ಕಡಿ ಇದೆ. ಯಾರೂ ಇನ್ನೂ ಓದಲಾಗದ ಲಿಪಿಯಲ್ಲಿರುವ, 15ನೇ ಶತಮಾನದ ವಾಯ್ನಿಚ್ ಹಸ್ತಪ್ರತಿಯ ವಿಷಯದಲ್ಲಿ ಆ ತಕ್ಕಡಿಯೇ ಇಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರ ಪ್ರೋಗ್ರಾಂ ಅದರ ಭಾಷೆ ಹೀಬ್ರೂ ಇರಬಹುದು ಎಂದಿತು, ತಜ್ಞರು ಒಪ್ಪಲಿಲ್ಲ. ‘ಯಾವ ಭಾಷೆಗೆ ಹೆಚ್ಚು ಹತ್ತಿರ?’ ಎಂದು ಕೇಳಿದರೆ ಯಂತ್ರ ಯಾವುದೋ ಒಂದನ್ನು ಹೇಳಲೇಬೇಕಲ್ಲ.

ಮೊದಲು ಬೆಳಕು

ಓದಿನ ಅರ್ಧ ಸೋಲು ಫೋಟೊದಲ್ಲೇ ಆಗಿಹೋಗಿರುತ್ತದೆ. ನಡುಹಗಲ ಬಿಸಿಲಿನಲ್ಲಿ ಎದುರಿಗೆ ನಿಂತು ತೆಗೆದ ಚಿತ್ರದಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೇಕಾದದ್ದು ಓರೆ ಬೆಳಕು. ಕಪ್ಪು ಬಟ್ಟೆ ಅಥವಾ ದೊಡ್ಡ ಛತ್ರಿಯಿಂದ ಕಲ್ಲಿಗೆ ನೆರಳು ಮಾಡಿ, ಇಲ್ಲವೇ ಸಂಜೆಗತ್ತಲಾಗುವವರೆಗೆ ಕಾಯಿರಿ. ಫೋನನ್ನು ಟ್ರೈಪಾಡ್‌ಗೆ ಸಿಕ್ಕಿಸಿ, ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಮಾಡಿ. ಎಲ್‌ಇಡಿ ಟಾರ್ಚನ್ನು ಕಲ್ಲಿನ ಮೈಗೆ 10ರಿಂದ 20 ಡಿಗ್ರಿ ಕೋನದಲ್ಲಿ ಹಿಡಿದು, ಗಡಿಯಾರದ ಮುಳ್ಳಿನಂತೆ ಸುತ್ತ ಎಂಟು ದಿಕ್ಕುಗಳಿಂದ ಎಂಟು ಚಿತ್ರ ತೆಗೆಯಿರಿ. ಕ್ಯಾಮೆರಾ ಅಲುಗಬಾರದು; ಬೆಳಕು ಮಾತ್ರ ಸುತ್ತಬೇಕು. ಪಕ್ಕದಲ್ಲಿ 10 ಸೆಂ.ಮೀ. ಅಳತೆಪಟ್ಟಿ ಇರಲಿ. ಅಡ್ಡಗೆರೆಗಳು ಮೇಲಿನ ಬೆಳಕಿಗೆ, ಲಂಬಗೆರೆಗಳು ಪಕ್ಕದ ಬೆಳಕಿಗೆ ಎದ್ದು ಕಾಣುತ್ತವೆ. ಒಂದೇ ದಿಕ್ಕಿನಿಂದ ತೆಗೆದರೆ ಅಕ್ಷರದ ಅರ್ಧ ಭಾಗ ಮಾಯವಾಗುತ್ತದೆ. ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ತೋರಿ ಕಣ್ಣಿಗೂ ಯಂತ್ರಕ್ಕೂ ಮೋಸವಾಗುತ್ತದೆ. ಹಾಗಾಗಿ ಎಐಗೆ ಕೊಡಲು ಎಡ ಮೇಲಿನ ಬೆಳಕಿನ ಚಿತ್ರವನ್ನು ಮುಖ್ಯವಾಗಿ ಇಟ್ಟುಕೊಳ್ಳಿ.

ಫೋನ್ ತಾನಾಗಿ ಚಿತ್ರವನ್ನು ತಿದ್ದುವ ‘ಸೀನ್’ ಸುಧಾರಣೆಯನ್ನು ಬಂದ್ ಮಾಡಿಬಿಡಿ. ಚಿತ್ರವನ್ನು ಎಐ ಅಪ್‌ಸ್ಕೇಲಿಂಗ್‌ನಿಂದ ಚೂಪು ಮಾಡಲೇಬೇಡಿ: ಕಲ್ಲಿನ ಬಿರುಕನ್ನು ಅದು ಅಂದವಾದ ಗೆರೆಯಾಗಿ ಮಾಡಿಕೊಡುತ್ತದೆ, ಆಮೇಲೆ ಓದುವ ಎಐ ಆ ಗೆರೆಯನ್ನು ಒತ್ತಕ್ಷರ ಎಂದು ಓದುತ್ತದೆ. ಅಕ್ಷರದೊಳಗೆ ಸೀಮೆಸುಣ್ಣ, ಹಿಟ್ಟು ತುಂಬುವುದೂ ಬೇಡ. ಕಲ್ಲಿಗೆ ಕೇಡು ಎಂಬುದು ಒಂದು ಮಾತು. ನೀವು ತುಂಬಿದ್ದೇ ನಿಮ್ಮ ಊಹೆಯ ಅಕ್ಷರ ಎಂಬುದು ಇನ್ನೊಂದು. ತಂತಿ ಬ್ರಷ್ ಮುಟ್ಟಿಸಬೇಡಿ. ಮಣ್ಣಿದ್ದರೆ ಮೆತ್ತನೆಯ ಬ್ರಷ್ ಸಾಕು. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಪಡೆದೇ ಕೆಲಸ ಮಾಡಿ.

ತೀರ ಸವೆದ ಕಲ್ಲಾದರೆ ಮೂರು ಆಯಾಮದ ಮಾದರಿ ಮಾಡಿ. ಒಂದಕ್ಕೊಂದು 70–80 ಪ್ರತಿಶತ ಅತಿಕ್ರಮಿಸುವಂತೆ 60ರಿಂದ 100 ಫೋಟೊ ತೆಗೆದು ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶಕ್ಕೆ ಕೊಡಿ (ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು). ಬಂದ ಮಾದರಿಯನ್ನು ಮೆಶ್‌ಲ್ಯಾಬ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ತೆರೆದು, ಬಣ್ಣ ತೆಗೆದುಹಾಕಿ, ತಗ್ಗುದಿಣ್ಣೆಯನ್ನು ಎತ್ತಿ ತೋರಿಸುವ ‘ರೇಡಿಯನ್ಸ್ ಸ್ಕೇಲಿಂಗ್’ ಹಚ್ಚಿದರೆ ಪಾಚಿ, ಎಣ್ಣೆ ಜಿಡ್ಡು, ಕುಂಕುಮದ ಕಲೆ ಎಲ್ಲ ಹೋಗಿ ಬರೀ ತಗ್ಗುದಿಣ್ಣೆ ಉಳಿಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವುದು ಇದೇ ಕಾರಣಕ್ಕೆ. ರಸ್ತೆ ಅಗಲವಾದಾಗ ಕಲ್ಲು ಹೋದರೂ ಅಕ್ಷರ ಉಳಿಯಲಿ ಎಂದು.

ಯಂತ್ರಕ್ಕೊಂದು ಪರೀಕ್ಷೆ

ನಿಮ್ಮ ಕಲ್ಲನ್ನು ಕೊಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದು: ಅಕ್ಷರವೇ ಇಲ್ಲದ ಒರಟು ಕಲ್ಲಿನ ಚಿತ್ರ ಕೊಟ್ಟು ಓದಿಸಿ. ಅದರಲ್ಲೂ ‘ಸ್ವಸ್ತಿ ಶ್ರೀ’ ಕಂಡಿತು ಎಂದರೆ ಆ ಎಐ ನಿಮ್ಮ ಕಲ್ಲನ್ನೂ ಹಾಗೆಯೇ ಓದುತ್ತದೆ. ಎರಡು: ಅಚ್ಚಾದ ಪಾಠವಿರುವ, ಹೆಚ್ಚು ಪ್ರಸಿದ್ಧವಲ್ಲದ ಅದೇ ಕಾಲದ ಶಾಸನವೊಂದರ ಐದು ಸಾಲು ಓದಿಸಿ, ತಪ್ಪು ಎಣಿಸಿ. ಹಲ್ಮಿಡಿಯಂಥ ಹೆಸರಾಂತ ಕಲ್ಲು ಬೇಡ. ಅದರ ಪಾಠ ಯಂತ್ರಕ್ಕೆ ಬಾಯಿಪಾಠ ಆಗಿರಬಹುದು.

ಈಗ ಚಿತ್ರವನ್ನು ಸಾಲುಸಾಲಾಗಿ, ಒಂದೊಂದು ಸಾಲನ್ನು 6–8 ಅಕ್ಷರಗಳ ತುಂಡುಗಳಾಗಿ ಕತ್ತರಿಸಿ. ಪಕ್ಕಪಕ್ಕದ ತುಂಡುಗಳಲ್ಲಿ ಎರಡು ಅಕ್ಷರ ಸಾಮಾನ್ಯವಾಗಿರಲಿ. ಇಡೀ ಕಲ್ಲು ಕೊಟ್ಟರೆ ಯಂತ್ರ ಸಾಲು ಹಾರಿಸುತ್ತದೆ, ಒಂದೇ ಸಾಲನ್ನು ಎರಡು ಸಲ ಓದುತ್ತದೆ. ಜೊತೆಗೆ ಕೊಡಬೇಕಾದ ಸೂಚನೆ ಹೀಗಿರಲಿ:

‘ಇದು ಸುಮಾರು 12ನೇ ಶತಮಾನದ ಕನ್ನಡ ಲಿಪಿಯ ಕಲ್ಲಿನ 4ನೇ ಸಾಲಿನ ಎರಡನೇ ತುಂಡು. ಕಾಣುವ ಅಕ್ಷರಗಳನ್ನು ಮಾತ್ರ ಎಡದಿಂದ ಬಲಕ್ಕೆ ಒಂದೊಂದಾಗಿ ಬರೆ. ಪ್ರತಿ ಅಕ್ಷರದ ಮುಂದೆ ಸ್ಪಷ್ಟ, ಅನುಮಾನ, ಕಾಣದು ಎಂಬ ಮೂರರಲ್ಲಿ ಒಂದನ್ನು ಹಾಕು. ಅನುಮಾನವಿದ್ದರೆ ಎರಡು ಸಾಧ್ಯತೆ ಕೊಡು. ಕಾಣದ ಕಡೆ ಚುಕ್ಕಿ ಇಡು, ತುಂಬಬೇಡ. ಪದ ಬಿಡಿಸಬೇಡ, ಅರ್ಥ ಹೇಳಬೇಡ, ಇಂದಿನ ಕಾಗುಣಿತಕ್ಕೆ ತಿದ್ದಬೇಡ.’

ಊರಿನ ಹೆಸರು, ರಾಜನ ಹೆಸರು ಹೇಳಿಬಿಡಬೇಡಿ. ‘ಇದು ಹೊಯ್ಸಳರದು’ ಎಂದು ಹೇಳಿದ ಮರುಕ್ಷಣವೇ ವಿಷ್ಣುವರ್ಧನನೂ ಬಲ್ಲಾಳನೂ ಕಲ್ಲಿನ ಮೇಲೆ ಕಾಣಿಸತೊಡಗುತ್ತಾರೆ. ಒಂದೇ ತುಂಡನ್ನು ಮೂರು ಬೇರೆ ಬೇರೆ ಹೊಸ ಚಾಟ್‌ಗಳಲ್ಲಿ, ಬೇರೆ ಬೇರೆ ದಿಕ್ಕಿನ ಬೆಳಕಿನ ಚಿತ್ರದೊಂದಿಗೆ ಓದಿಸಿ, ಮೂರೂ ಉತ್ತರಗಳನ್ನು ಒಂದರ ಕೆಳಗೆ ಒಂದು ಬರೆದುಕೊಳ್ಳಿ. ಮೂರೂ ಬೇರೆಯಾದ ಕಡೆ ಕಲ್ಲಿಗೆ ವಾಪಸು ಹೋಗಬೇಕು. ಮೂರೂ ಒಂದೇ ಆದರೆ ಸರಿ ಎಂದೂ ಅಲ್ಲ. ಒಂದೇ ಎಐ ಒಂದೇ ತಪ್ಪನ್ನು ಮೂರು ಸಲ ಮಾಡಬಲ್ಲದು.

ಎಲ್ಲಿ ತಪ್ಪುತ್ತದೆ

ಪ, ವ, ಮ ಹಳೆಯ ಲಿಪಿಯಲ್ಲಿ ಹತ್ತಿರದ ರೂಪಗಳು. ದ ಮತ್ತು ಧ ಕೂಡ. ಎ–ಏ, ಒ–ಓ ಹ್ರಸ್ವದೀರ್ಘ ಭೇದವನ್ನು ಕಂಡರಿಸಿದವನು ತೋರಿಸಿರುವುದೇ ಇಲ್ಲ. ಯಂತ್ರ ತೋರಿಸಿದರೆ ಅದು ಓದಿದ್ದಲ್ಲ, ಅರ್ಥ ಮಾಡಿಕೊಂಡದ್ದು. ಧರ್ಮ್ಮ, ಸರ್ವ್ವ, ಪೂರ್ವ್ವ ಎಂದು ರೇಫದ (ಅರ್ಧ ರಕಾರದ) ನಂತರ ಇಮ್ಮಡಿಸಿದ ಒತ್ತನ್ನು ಅದು ಮೆಲ್ಲಗೆ ಧರ್ಮ, ಸರ್ವ ಎಂದು ‘ಸರಿಪಡಿಸುತ್ತದೆ’. ಹಾಗೆ ಬಂದ ಪಾಠ ಕಂಡರೆ ಉಳಿದದ್ದನ್ನೂ ತಿದ್ದಿದೆ ಎಂದೇ ತಿಳಿಯಿರಿ.

ಎಲ್ಲಕ್ಕಿಂತ ನಷ್ಟದ ತಪ್ಪು ಱ ಮತ್ತು ೞ ಅಕ್ಷರಗಳದು. ಇಂದಿನ ಕನ್ನಡ ಬರಹದಲ್ಲಿ ಇವು ಇಲ್ಲವಾದ್ದರಿಂದ ಯಂತ್ರ ಱ ಕಂಡಲ್ಲಿ ರ, ೞ ಕಂಡಲ್ಲಿ ಳ ಬರೆಯುತ್ತದೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ವೀರಗಲ್ಲಿನ ಮೇಲೆ ಎರಡೂ ಬರಬಹುದಾದ ಮಾತುಗಳೇ! ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಇನ್ನೊಂದು ಸಂಗತಿ: ಈ ಎರಡು ಅಕ್ಷರ ಇರುವುದು ಹೋಗಿರುವುದು ಕಲ್ಲಿನ ಕಾಲ ಹೇಳುವ ಗುರುತೂ ಹೌದು. ಪಾಲ್, ಪೂ, ಪೊಲ ಎಂಬ ಪಕಾರ ಹಕಾರವಾಗಿದೆಯೇ ಎಂಬುದೂ ಹಾಗೆಯೇ. ಯಂತ್ರ ಇವನ್ನು ಹೊಸಗನ್ನಡಕ್ಕೆ ತಿದ್ದಿದರೆ ಕಾಲದ ಸಾಕ್ಷಿಯೇ ಅಳಿಯುತ್ತದೆ. ಯುನಿಕೋಡ್‌ನಲ್ಲಿ ಎರಡೂ ಇವೆ. ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ‘ಫ’ (FA) ಎಂಬ ಹೆಸರು ಬಿದ್ದಿದೆ, ಆದ್ದರಿಂದ ಪಟ್ಟಿಯಲ್ಲಿ ಹುಡುಕುವಾಗ ಗೊಂದಲ ಬೇಡ. ಸೂಚನೆಯಲ್ಲೇ ‘ಱ, ೞ ಕಂಡರೆ ಹಾಗೆಯೇ ಬರೆ’ ಎಂದು ಸೇರಿಸಿ. ಆಮೇಲೆ ರ, ಳ ಬಂದ ಪ್ರತಿಯೊಂದು ಜಾಗವನ್ನೂ ನೀವೇ ಚಿತ್ರದಲ್ಲಿ ನೋಡಿ.

ಪಾಠ ಗಟ್ಟಿಯಾದ ಮೇಲೆ ಪದ ಬಿಡಿಸುವ ಕೆಲಸ. ಕಲ್ಲಿನಲ್ಲಿ ಪದಗಳ ನಡುವೆ ಜಾಗವಿಲ್ಲ. ಇಲ್ಲಿ ಎಐ ನಿಜವಾಗಿಯೂ ಕೈಗೆ ಬರುತ್ತದೆ: ಒಂದೇ ಸಾಲಿಗೆ ಮೂರು ಬಗೆಯ ಬಿಡಿಸುವಿಕೆ ಕೇಳಿ, ಪ್ರತಿಯೊಂದಕ್ಕೂ ಸಂಧಿ, ವಿಭಕ್ತಿ ಹೇಳಿಸಿ. ಅರ್ಥವನ್ನು ಮಾತ್ರ ಕಿಟೆಲ್ ನಿಘಂಟಿನಲ್ಲೋ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲೋ ನೋಡಿ ಖಚಿತ ಮಾಡಿಕೊಳ್ಳಿ. ‘ಕೆಯ್’ ಕೈಯೂ ಹೌದು, ಹೊಲವೂ ಹೌದು. ‘ಕೆಯ್ ಮತ್ತರ್ ಎರಡು’ ಎಂಬಲ್ಲಿ ಹೊಲ, ಮತ್ತರ್ ಎಂಬುದು ಅದರ ಅಳತೆ. ‘ಕಾಲಂ ಕರ್ಚಿ’ ಎಂದರೆ ಕಾಲು ತೊಳೆದು, ಅಂದರೆ ದಾನ ಪಡೆಯುವವರ ಪಾದ ತೊಳೆದು. ಇದಕ್ಕೂ ಸಮಯಕ್ಕೂ ಸಂಬಂಧವಿಲ್ಲ. ‘ತುಱುವಂ ಮಗುೞ್ಚಿ ಸತ್ತನ್’ ಎಂದರೆ ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಹಿಂದಿರುಗಿಸಿ ಸತ್ತ. ಆ ಮೂರು ಪದಕ್ಕಾಗಿ ಒಂದು ಊರು ಕಲ್ಲು ನಿಲ್ಲಿಸಿದೆ. ಅಲ್ಲಿ ಅವನ ಹೆಸರನ್ನು ಯಂತ್ರದ ಊಹೆಗೆ ಬಿಡುವುದು ಸಲ್ಲದು.

ಒಡೆದ ಜಾಗ, ಮತ್ತು ಕಾಲ

ಒಡೆದ ಜಾಗ ತುಂಬಲು ಮೊದಲು ಅಳತೆ. ಸಾಲಿನಲ್ಲಿ 60 ಸೆಂ.ಮೀ.ಗೆ 20 ಅಕ್ಷರವಿದ್ದರೆ ಅಕ್ಷರಕ್ಕೆ 3 ಸೆಂ.ಮೀ.; 12 ಸೆಂ.ಮೀ. ಒಡಕಿನಲ್ಲಿ ನಾಲ್ಕು ಅಕ್ಷರ, ಒಂದು ಹೆಚ್ಚುಕಡಿಮೆ. ಎಐ ಏಳು ಅಕ್ಷರದ ಸೊಗಸಾದ ಬಿರುದು ಕೊಟ್ಟರೆ ತಳ್ಳಿಹಾಕಿ. ಕಂದಪದ್ಯವಾದರೆ ಇನ್ನೂ ಗಟ್ಟಿ ಅಳತೆ ಸಿಗುತ್ತದೆ: ಪಾದಗಳಲ್ಲಿ ಕ್ರಮವಾಗಿ 12, 20, 12, 20 ಮಾತ್ರೆ. ಮಾತ್ರೆ ಎಣಿಸುವುದನ್ನು ಕೈಯಲ್ಲೇ ಮಾಡಿ, ಎಐ ಇದರಲ್ಲಿ ಎಡವುತ್ತದೆ.

ಗ್ರೀಕ್ ಶಾಸನಗಳಿಗಾಗಿ ಗೂಗಲ್‌ನ ಡೀಪ್‌ಮೈಂಡ್ 2022ರಲ್ಲಿ ಪ್ರಕಟಿಸಿದ ಇಥಾಕಾ ಎಂಬ ಎಐ ಸುಮಾರು 78 ಸಾವಿರ ಶಾಸನಗಳಿಂದ ಕಲಿತದ್ದು. ಒಡಕು ತುಂಬುವುದರಲ್ಲಿ ಇತಿಹಾಸಕಾರರು ತಾವಾಗಿ 25 ಪ್ರತಿಶತ, ಇಥಾಕಾ ತಾನಾಗಿ 62, ಇಬ್ಬರೂ ಸೇರಿದಾಗ 72 ಪ್ರತಿಶತ ಸರಿ ಹೇಳಿದರು. ನಾವು ಬಳಸುವ ಸಾಮಾನ್ಯ ಚಾಟ್‌ಬಾಟ್ ಹಾಗೆ ಹಳಗನ್ನಡ ಶಾಸನಗಳ ಮೇಲೆಯೇ ಪಳಗಿದ್ದಲ್ಲ. ಆ ಅಂಕಿಗಳನ್ನು ಇದಕ್ಕೆ ಹಚ್ಚಬೇಡಿ. ಒಡಕಿಗೆ ಒಂದೇ ಉತ್ತರ ಕೇಳದೆ ಐದು ಕೇಳಿ, ಪ್ರತಿಯೊಂದೂ ಬೇರೆ ಯಾವ ಅಚ್ಚಾದ ಶಾಸನದಲ್ಲಿ ಬಂದಿದೆ ಎಂದು ನೀವೇ ಹುಡುಕಿ. ಯಂತ್ರ ತಾನೇ ಕೊಡುವ ಸಂಪುಟ, ಪುಟ ಸಂಖ್ಯೆ ಕಲ್ಪಿತವಾಗಿರಬಹುದು. ತೆರೆದು ನೋಡದೆ ಬರೆದುಕೊಳ್ಳಬೇಡಿ.

ಕಾಲದ ಲೆಕ್ಕವನ್ನಂತೂ ಕೈಯಲ್ಲೇ ಮಾಡಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ (ಶೇಷ ಸೊನ್ನೆಯಾದರೆ ಅಕ್ಷಯ). ಬೇಲೂರಿನಲ್ಲಿ ವಿಷ್ಣುವರ್ಧನ ದೇವರ ಪ್ರತಿಷ್ಠೆ ಮಾಡಿಸಿದ ವರ್ಷ ಶಕ 1039, ಹೇಮಳಂಬಿ (ಹೇವಿಳಂಬಿಯ ಇನ್ನೊಂದು ರೂಪ): 1051ನ್ನು 60ರಿಂದ ಭಾಗಿಸಿದರೆ ಶೇಷ 31, ಅದು ಹೇವಿಳಂಬಿಯೇ, ವರ್ಷ 1117. ಈಗ ಅಂಥದೊಂದು ಕಲ್ಲಿನಲ್ಲಿ ಮೂರನೇ ಅಂಕಿ ಸವೆದು 10_9 ಮಾತ್ರ ಉಳಿದಿದೆ ಎನ್ನಿ. ಹೇವಿಳಂಬಿಗೆ ಹೊಂದುವುದು 1039 ಮತ್ತು 1099 ಎರಡೇ. 1117ಕ್ಕೆ ವಿಷ್ಣುವರ್ಧನ, 1177ಕ್ಕೆ ಇಮ್ಮಡಿ ಬಲ್ಲಾಳ. ರಾಜನ ಹೆಸರಿನ ಎರಡು ಅಕ್ಷರ ಸಿಕ್ಕರೂ ತೀರ್ಮಾನವಾಗುತ್ತದೆ. ಲೆಕ್ಕ ಒಂದು ವರ್ಷ ತಪ್ಪಿದರೆ ಗಾಬರಿ ಬೇಡ, ಕೆಲವರು ನಡೆಯುವ ವರ್ಷವನ್ನೂ ಕೆಲವರು ಕಳೆದ ವರ್ಷವನ್ನೂ ಬರೆಸಿದ್ದಾರೆ. ರಾಷ್ಟ್ರಕೂಟರ ಕಾಲದ ಹಾಗೂ ಅದಕ್ಕೂ ಹಿಂದಿನ ಕಲ್ಲುಗಳಿಗೆ ಮಾತ್ರ ಈ ಸೂತ್ರವನ್ನು ನೇರವಾಗಿ ಹಚ್ಚಬೇಡಿ.

ಕೊನೆಯ ಪ್ರತಿಯಲ್ಲಿ ಸಾಲು ಸಂಖ್ಯೆ ಹಾಕಿ. ಸ್ಪಷ್ಟವಾಗಿ ಕಂಡದ್ದು ಹಾಗೆಯೇ, ಅನುಮಾನದ ಅಕ್ಷರ ದುಂಡು ಕಂಸದಲ್ಲಿ, ತುಂಬಿದ್ದು ಚೌಕ ಕಂಸದಲ್ಲಿ, ಹೋದದ್ದು ಚುಕ್ಕಿಯಲ್ಲಿ ಇರಲಿ. ಈ ಗುರುತುಗಳ ಅರ್ಥವನ್ನು ಪ್ರತಿಯ ಮೇಲ್ಗಡೆಯೇ ಬರೆಯಿರಿ. ಆಮೇಲೆ ಆ ತಾಲ್ಲೂಕಿನ ಪಟ್ಟಿಯನ್ನು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯಲ್ಲಿ ನೋಡಿ, ಬಿ. ಎಲ್. ರೈಸ್ 1886ರಿಂದ ಹೊರತಂದ ಸಂಪುಟಗಳೂ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳೂ ಇವೆ. ಧಾರವಾಡ, ವಿಜಯಪುರದ ಕಡೆಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 11, 15, 18, 20ನೇ ಸಂಪುಟಗಳು; ಬಳ್ಳಾರಿಗೆ 9ನೆಯದು. ನೂರು ವರ್ಷದ ಹಿಂದೆ ಓದಿದವರಿಗೆ ಕಂಡ ಅಕ್ಷರ ಇಂದು ಸವೆದು ಹೋಗಿರಬಹುದು. ಅವರ ಪಾಠ ನಿಮ್ಮದಕ್ಕಿಂತ ಬೇರೆಯಾದರೆ ಎರಡನ್ನೂ ದಾಖಲಿಸಿ. ಎಲ್ಲೂ ಅಚ್ಚಾಗಿಲ್ಲ ಎಂದಾದರೆ ಚಿತ್ರಗಳನ್ನೂ ಪಾಠವನ್ನೂ ಮೈಸೂರಿನಲ್ಲಿರುವ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ಕಳಿಸಿ. ಕಲ್ಲಿನ ಜಿಪಿಎಸ್ ಜಾಗವನ್ನು ಅವರಿಗೆ ಮಾತ್ರ ಕೊಡಿ. ಫೇಸ್‌ಬುಕ್‌ನಲ್ಲಿ ಹಾಕಿದರೆ ನಿಧಿಯಾಸೆಗೆ ಕಲ್ಲಿನ ಬುಡ ಅಗೆಯುವವರೂ ನೋಡುತ್ತಾರೆ.