ಮುಗ್ಗಟ್ಟಿನ ವರ್ಷ ಚಾರ್ಟ್ ನೋಡಿ ಹಾಡು ಕೊಂಡಿದ್ದು: ಒಬ್ಬ ಡಿಜೆ ಲೆಕ್ಕ

ಡಿಜೆ ಸಾಫ್ಟ್‌ವೇರ್ ಸೆರಾಟೊ ಹೇಗೆ ಓಡಿಸಬೇಕು, ಸಬ್‌ವೂಫರ್ ಎಲ್ಲಿಡಬೇಕು ಅನ್ನುವುದೆಲ್ಲ ಇಲ್ಲಿ ಇಲ್ಲ. ನ್ಯೂಜೆರ್ಸಿಯಲ್ಲಿ ವಾರಾಂತ್ಯಕ್ಕೆ ಡಿಜೆ ಮಾಡುವ ನಮ್ಮವರಿಗೆ ಅದು ಗೊತ್ತಿರುವುದೇ. 2008-09ರಲ್ಲಿ ಕೈಯಲ್ಲಿ ಕಾಸಿಲ್ಲದಾಗ, ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಕೊಡುವ ಜನಪ್ರಿಯ ಹಾಡುಗಳ ಪಟ್ಟಿ, ಅಂದರೆ ಚಾರ್ಟ್ ನೋಡಿ, ಹೊಸ ಸಿಂಗಲ್‌ಗಳನ್ನು (ಬಿಡಿ ಹಾಡುಗಳನ್ನು) ಹೇಗೆ ಆರಿಸಿದೆ ಅನ್ನುವುದಷ್ಟೇ ಬರೆಯುತ್ತೇನೆ. ಅಂಕಿಗಳು ಹೆಚ್ಚುಕಡಿಮೆ ನೆನಪಿನಿಂದ.

ಮೊದಲು ದುಡ್ಡಿನ ವಿಷಯ. 2007ರ ಡಿಸೆಂಬರ್‌ನಲ್ಲಿ ಆಫೀಸ್ ಪಾರ್ಟಿಗಳೇ ಏಳೆಂಟು ಸಿಕ್ಕಿದ್ದವು. ಒಂದೊಂದಕ್ಕೆ ಎಂಟುನೂರು, ಒಂಬೈನೂರು ಡಾಲರ್. 2008ರ ಸೆಪ್ಟೆಂಬರ್ 15ಕ್ಕೆ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಆ ಡಿಸೆಂಬರ್‌ಗೆ ಉಳಿದಿದ್ದು ಎರಡೇ ಪಾರ್ಟಿ. ಅದರಲ್ಲೂ ಒಂದು ಕಂಪನಿಯವರು ಅಡ್ವಾನ್ಸ್ ಕೊಟ್ಟಿದ್ದೇ ಕೊಟ್ಟಿದ್ದು, ಬಾಕಿ ಇವತ್ತಿಗೂ ಬಂದಿಲ್ಲ. ಹಗಲಿನ ಐಟಿ ಕೆಲಸದಲ್ಲಿ ಪ್ರಾಜೆಕ್ಟ್ ಇಲ್ಲದೆ ನನ್ನನ್ನು ಬೆಂಚ್ ಮೇಲೆ ಕೂರಿಸಿದ್ದರು. ಮದುವೆ, ಸ್ವೀಟ್ ಸಿಕ್ಸ್‌ಟೀನ್ (ಹದಿನಾರನೇ ಹುಟ್ಟುಹಬ್ಬದ ಪಾರ್ಟಿ), ಕನ್ನಡ ಕೂಟದ ಕಾರ್ಯಕ್ರಮ, ಇಷ್ಟರಲ್ಲೇ ಗಾಡಿ ಓಡಬೇಕಿತ್ತು.

ಖರ್ಚು ಮಾತ್ರ ಇಳಿದಿರಲಿಲ್ಲ. ಡಿಜೆಗಳಿಗೆ ಹೊಸ ಹಾಡು ಕಳಿಸುವ ರೆಕಾರ್ಡ್ ಪೂಲ್‌ನ ಚಂದಾ, ಆಪಲ್‌ನ ಹಾಡಿನ ಅಂಗಡಿ ಐಟ್ಯೂನ್ಸ್ ಬಿಲ್ಲು ಎಲ್ಲಾ ಸೇರಿ ತಿಂಗಳಿಗೆ ನೂರು ಡಾಲರ್ ಹತ್ತಿರ. "ಪಾರ್ಟಿನೇ ಇಲ್ಲ, ಹಾಡಿಗೆ ಯಾಕ್ರೀ ನೂರು ಡಾಲರ್?" ಅಂತ ಮನೆಯವಳು ಕೇಳಿದಳು. ಉತ್ತರ ಇರಲಿಲ್ಲ. ಪೂಲ್ ನಿಲ್ಲಿಸಿದೆ, ತಿಂಗಳಿಗೆ ಹದಿನೈದು ಡಾಲರ್ ಅಂತ ಗೆರೆ ಎಳೆದೆ. ಆಗ ಹಾಡಿಗೆ 99 ಸೆಂಟ್. ಹದಿನೈದು ಹಾಡು, ಅಷ್ಟೇ.

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಡಿಜೆ ಮಾಡುವ ದಾವಣಗೆರೆ ಗೆಳೆಯನಿಗೆ ಹೇಳಿದೆ. "ಲೇ ತಮ್ಮ, ಚಾರ್ಟ್ ನೋಡಿ ಹಾಡು ಆರಿಸೋದು ಪಂಚಾಂಗ ನೋಡಿ ಷೇರು ತಗೊಂಡಂಗಾತು" ಅಂದ. ಟಾಪ್ 40, ಅಂದರೆ ಮೇಲಿನ ನಲವತ್ತು ಹಾಡು, ಪೂರ್ತಿ ಇಟ್ಟುಕೋ, ಜನ ಕೇಳಿದ್ದು ಹಾಕು ಅನ್ನುವುದು ಅವನ ಲೆಕ್ಕ. ಅವನಿಗೆ ಪಟೇಲ್ ಮದುವೆಗಳು ಕೈ ತುಂಬಾ ಇದ್ದವು. ನನಗೆ ಆ ಭಾಗ್ಯ ಇರಲಿಲ್ಲ.

ಮೊದಲು ಮಾಡಿ ಕೈಸುಟ್ಟಿದ್ದು ಕ್ರಿಸ್‌ಮಸ್ ವಾರದ ಚಾರ್ಟ್ ನೋಡಿ. ಆ ವಾರ ಮೇಲೇರಿದ್ದನ್ನೆಲ್ಲ ಕೊಂಡೆ. ಜನವರಿ ಮುಗಿಯುವಷ್ಟರಲ್ಲಿ ಅರ್ಧ ಹಾಡು ಯಾರಿಗೂ ಬೇಡ. ಕಾರಣ ಆಮೇಲೆ ಹೊಳೆಯಿತು. ಹಬ್ಬಕ್ಕೆ ಮಕ್ಕಳ ಕೈಗೆ ಐಟ್ಯೂನ್ಸ್ ಗಿಫ್ಟ್ ಕಾರ್ಡ್ ಬರುತ್ತಿತ್ತು, ಎರಡು ದಿನದಲ್ಲಿ ಖಾಲಿ ಮಾಡುತ್ತಿದ್ದವು. ಅಪ್ಪನ ಕೆಲಸ ಹೋಗಿದ್ದರೂ ಅಜ್ಜಿ ಕೊಟ್ಟ ಕಾರ್ಡ್ ಇರುತ್ತಿತ್ತಲ್ವಾ. ಆ ಮಕ್ಕಳು ನನ್ನ ಡ್ಯಾನ್ಸ್ ಫ್ಲೋರ್‌ಗೆ ಬರುವವರಲ್ಲ.

ಆಮೇಲೆ ನಿಧಾನದ ಹಾಡು. ಆ ಸುಮಾರಿಗೆ ಮನಶ್ಶಾಸ್ತ್ರದವರಿಬ್ಬರು ಬಿಲ್‌ಬೋರ್ಡ್‌ನ ಹಳೆಯ ನಂಬರ್ ಒನ್ ಹಾಡುಗಳನ್ನೆಲ್ಲ ಜಾಲಾಡಿ, ಕಷ್ಟದ ವರ್ಷಗಳಲ್ಲಿ ಉದ್ದದ, ನಿಧಾನದ, ಅರ್ಥ ಇರುವ ಹಾಡುಗಳೇ ಗೆಲ್ಲುತ್ತವೆ ಅಂತ ಹೇಳಿದ್ದರು. ನೋಡೇಬಿಡೋಣ ಅಂತ ಒಂದು ಐವತ್ತನೇ ಹುಟ್ಟುಹಬ್ಬಕ್ಕೆ ಅಂಥದ್ದೇ ಪಟ್ಟಿ ಮಾಡಿಕೊಂಡು ಹೋದೆ. ಮೂರನೇ ಹಾಡಿಗೆ ಫ್ಲೋರ್ ಖಾಲಿ. ಎಲ್ಲರೂ ಬಾರ್ ಹತ್ತಿರ. ಅದು ಕ್ಯಾಶ್ ಬಾರ್ ಬೇರೆ, ಕುಡಿದವರೇ ದುಡ್ಡು ಕೊಡಬೇಕು, ಹಾಲ್ ಮ್ಯಾನೇಜರ್ ಬಂದು ನನ್ನ ಬೆನ್ನು ತಟ್ಟಿದ. ಪಾರ್ಟಿ ಕೊಟ್ಟವರು ಟಿಪ್ಸ್ ಕೊಡಲಿಲ್ಲ. ಜನ ಮನೆಯಲ್ಲಿ ಕೂತು ಏನು ಕೇಳುತ್ತಾರೋ ಗೊತ್ತಿಲ್ಲ, ಹೊರಗೆ ಬಂದಾಗ ಅಳೋಕೆ ಬರುವುದಿಲ್ಲ. 2009ರಲ್ಲಿ ಮೇಲೆ ಕೂತ ಹಾಡುಗಳ ವೇಗವನ್ನೇ ನೋಡಿ: ಲೇಡಿ ಗಾಗಾ ಹಾಡು ನಿಮಿಷಕ್ಕೆ 119 ಬೀಟ್, ಬ್ಲ್ಯಾಕ್ ಐಡ್ ಪೀಸ್ ತಂಡದವು 128, 130. ಎಲ್ಲಾ ಕುಣಿಯುವ ಹಾಡುಗಳೇ.

ಕೊನೆಗೆ ಕೈಹಿಡಿದ ದಾರಿ ಇದು. ಬಿಲ್‌ಬೋರ್ಡ್‌ನ ನೂರು ಹಾಡಿನ ಮುಖ್ಯ ಪಟ್ಟಿ ಹಾಟ್ 100ರ ನಂಬರ್ ನೋಡುವುದನ್ನು ಬಿಟ್ಟೆ, ಹಾಡು ಆ ನಂಬರ್‌ಗೆ ಹೇಗೆ ಬಂತು, ರೇಡಿಯೊದಿಂದಲೋ ಡೌನ್‌ಲೋಡ್‌ನಿಂದಲೋ ಅಂತ ನೋಡತೊಡಗಿದೆ. ಆ ಫೆಬ್ರವರಿಯಲ್ಲಿ ಒಂದೇ ತಿಂಗಳೊಳಗೆ ಮೂರು ಹಾಡು ಎಗರಿದವು. ಒಂದು 97ರಿಂದ 1ಕ್ಕೆ, ಇನ್ನೊಂದು 78ರಿಂದ 1ಕ್ಕೆ, ಮತ್ತೊಂದು 58ರಿಂದ 1ಕ್ಕೆ. ರೇಡಿಯೊದಲ್ಲಿ ಅಷ್ಟಿಷ್ಟು ಕೇಳಿಸಿ ಚಾರ್ಟ್‌ನ ತಳದಲ್ಲಿದ್ದ ಹಾಡು ಐಟ್ಯೂನ್ಸ್‌ಗೆ ಬಂದ ವಾರ ಹಾಗೆ ನೆಗೆಯುತ್ತಿತ್ತು. ಅದು ಡೌನ್‌ಲೋಡ್ ನೆಗೆತ. ಅಂಥದ್ದನ್ನು ಮೂರು ವಾರ ಮುಟ್ಟುತ್ತಿರಲಿಲ್ಲ. ರೇಡಿಯೊದಲ್ಲಿ ಹೆಚ್ಚು ಬರುವ ಹಾಡುಗಳ ಪಟ್ಟಿಯಲ್ಲಿ ವಾರವಾರ ಎರಡು, ಮೂರು ಮೆಟ್ಟಿಲು ಏರುವ ಹಾಡು ಸಿಕ್ಕರೆ ಆ ರಾತ್ರಿಯೇ ಕೊಳ್ಳುತ್ತಿದ್ದೆ. ಪಟ್ಟಿ ಗುರುವಾರ ಬರುತ್ತಿತ್ತು, ಅಷ್ಟು ಕಾಯುವುದೂ ಬೇಡ. ಇಂಟರ್‌ವ್ಯೂ ಅಂತ ಎಡಿಸನ್‌ನಿಂದ ನ್ಯೂವಾರ್ಕ್ ಕಡೆ ಹೋಗಿಬರುವಾಗ ಕಾರಿನಲ್ಲಿ ಝಡ್ 100 ರೇಡಿಯೊ ಹಾಕಿಕೊಂಡು, ಯಾವ ಹಾಡು ಎಷ್ಟು ಸಲ ಬಂತು ಅಂತ ಟೋಲ್ ರಸೀದಿ ಹಿಂದೆ ಗೀಟು ಎಳೆಯುತ್ತಿದ್ದೆ. ಕೆಲಸ ಸಿಗಲಿಲ್ಲ, ಗೀಟುಗಳು ಮಾತ್ರ ಉಪಯೋಗಕ್ಕೆ ಬಂದವು.

ಈ ದಾರಿ ಸರಿ ಅನ್ನುವುದಕ್ಕೆ ಮೊದಲೇ ಸಿಕ್ಕಿದ್ದ ಸಾಕ್ಷಿ ಲೇಡಿ ಗಾಗಾಳ 'ಜಸ್ಟ್ ಡ್ಯಾನ್ಸ್'. 2008ರ ಆಗಸ್ಟ್‌ನಲ್ಲಿ ಚಾರ್ಟ್‌ಗೆ ಬಂದ ಹಾಡು, ನಂಬರ್ ಒನ್ ಆಗಲು 22 ವಾರ ತೆಗೆದುಕೊಂಡಿತು. ಅದು ತುದಿ ಮುಟ್ಟಿದ್ದು ಜನವರಿಯಲ್ಲಿ. ನಾನು ಅಕ್ಟೋಬರ್‌ನ ದೀಪಾವಳಿ ಪಾರ್ಟಿಯಲ್ಲೇ ಹಾಕಿದ್ದೆ. ಹಾಡಿದವಳು ಯಾರು ಅಂತ ಕೇಳಿದವರೇ ಜಾಸ್ತಿ. ಇದನ್ನು ಸುಮ್ನೆ ಹೇಳುತ್ತಿಲ್ಲ, ಪಾರ್ಟಿ ಕೊಟ್ಟವರ ಮನೆಯಲ್ಲಿ ವಿಡಿಯೊ ಇದೆ.

ಮೂರು ವಾರದ ನಿಯಮಕ್ಕೂ ವಿನಾಯಿತಿ ಉಂಟು. 58ರಿಂದ ಎಗರಿದ್ದು ರ್‍ಯಾಪರ್ ಫ್ಲೋ ರೈಡಾನ 'ರೈಟ್ ರೌಂಡ್', ಒಂದೇ ವಾರದಲ್ಲಿ ಆರು ಲಕ್ಷಕ್ಕೂ ಹೆಚ್ಚು ಡೌನ್‌ಲೋಡ್. ಅದನ್ನು ತಕ್ಷಣ ಕೊಂಡೆ. ಅದರ ಪಲ್ಲವಿ 1985ರ ಸುಮಾರಿನ ಡೆಡ್ ಆರ್ ಅಲೈವ್ ತಂಡದ ಹಾಡಿನದು. ಮಗಳಿಗೆ ಹೊಸದು, ಅವಳ ಅಮ್ಮನಿಗೆ ಕಾಲೇಜಿನ ನೆನಪು. ನಲವತ್ತು ದಾಟಿದವರಿಗೆ ಅರ್ಧ ಗೊತ್ತಿರುವ ಪಲ್ಲವಿ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಕಷ್ಟದ ಕಾಲದಲ್ಲಿ ಪಾರ್ಟಿಯ ಚೆಕ್ ಬರೆಯುವವರು ಅವರೇ.

ಸಾಹಿತ್ಯವನ್ನೂ ನೋಡಬೇಕಾಯಿತು. ಲೀಮನ್ ಮುಳುಗಿದ ತಿಂಗಳು ಮೇಲಿದ್ದಿದ್ದು ಟಿ.ಐ. ಅನ್ನುವ ರ್‍ಯಾಪರ್‌ನ ಹಾಡು. ಏನು ಬೇಕೋ ಕೇಳು, ಎಲ್ಲಾ ಕೊಡಿಸುತ್ತೇನೆ ಅನ್ನುವ ದೌಲತ್ತಿನ ಹಾಡು. ಅಕ್ಟೋಬರ್‌ಗೆಲ್ಲ ಅಣಕು ಹಾಡಿನ ವಿಯರ್ಡ್ ಆಲ್ ಅದೇ ಧಾಟಿಗೆ ಕೈಯಲ್ಲಿ ಕಾಸಿಲ್ಲದವನ ಮಾತು ಕೂರಿಸಿ ಬಿಟ್ಟ. ಒಂದು ಸ್ವೀಟ್ ಸಿಕ್ಸ್‌ಟೀನ್‌ನಲ್ಲಿ ಟಿ.ಐ. ಹಾಕಿದಾಗ ಹುಡುಗರು ಕುಣಿದರು, ಅಪ್ಪಂದಿರ ಮೇಜಿನಲ್ಲಿ ಇಬ್ಬರು ಮೂವರು ತಟ್ಟೆ ನೋಡುತ್ತಾ ಕೂತರು. ಅವರ ಕೆಲಸ ಹೋಗಿದ್ದು ನನಗೆ ಗೊತ್ತಿತ್ತು. ಅವತ್ತಿಂದ ದುಡ್ಡಿನ ಜಂಬದ ಹಾಡು ಕೊಳ್ಳಲಿಲ್ಲ. "ಇವತ್ತು ರಾತ್ರಿ" ಅನ್ನುವ ಹಾಡು ಸರಿ, "ನನ್ನ ಹತ್ತಿರ ಇಷ್ಟಿದೆ" ಅನ್ನುವುದು ಬೇಡ.

ಹಾಡನ್ನು ಪರೀಕ್ಷೆ ಮಾಡುವುದು ಊಟದ ಹೊತ್ತಲ್ಲಿ. ಹೊಸ ಹಾಡನ್ನು ಸಣ್ಣ ದನಿಯಲ್ಲಿ ಹಾಕಿ ಮೇಜಿನ ಕೆಳಗಿನ ಕಾಲುಗಳನ್ನು ನೋಡಿ. ಮುಖ ನೋಡಿದರೆ ಏನೂ ತಿಳಿಯದು, ಬಾಯಲ್ಲಿ ಪನೀರ್ ಇರುತ್ತದೆ. ಯಾವ ಮೇಜು ನೋಡಬೇಕು ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ. ಊಟದ ಹೊತ್ತಿಗೇ ಬೇಕಾದ ಹಾಡು ಜೇಸನ್ ಮ್ರಾಜ್‌ನ 'ಐ ಆಮ್ ಯುವರ್ಸ್'. ಆರನೇ ಸ್ಥಾನದಿಂದ ಮೇಲೆ ಹೋಗಲೇ ಇಲ್ಲ, ಆದರೆ 76 ವಾರ ಚಾರ್ಟ್ ಬಿಟ್ಟು ಕದಲಲಿಲ್ಲ. ಇಪ್ಪತ್ತು ವಾರ ಕಳೆದ ಹಾಡು 50ರ ಕೆಳಗೆ ಬಿದ್ದರೆ ಪಟ್ಟಿಯಿಂದಲೇ ತೆಗೆಯುತ್ತಾರೆ, ಗೊತ್ತಲ್ಲ. 99 ಸೆಂಟ್‌ಗೆ ಒಂದೂವರೆ ವರ್ಷ ದುಡಿದ ಹಾಡು ಅದು.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕನ್ನಡ ಕೂಟದ ಯುಗಾದಿಗೆ ಎಲ್.ಆರ್. ಈಶ್ವರಿ ದನಿಯನ್ನು ಲೇಡಿ ಗಾಗಾ ತಾಳದ ಮೇಲೆ ಕೂರಿಸಲು ಹೋದೆ. ಹಳೆಯ ರೆಕಾರ್ಡಿಂಗ್‌ನಲ್ಲಿ ತಾಳ ಒಂದೇ ಸಮ ಇರುವುದಿಲ್ಲ, ನಿಮಿಷಕ್ಕೊಮ್ಮೆ ಜಾರುತ್ತದೆ. ಮೊದಲ ಸಲ ಹಿರಿಯರೊಬ್ಬರು ಎದ್ದುಬಂದು "ಸಿಡಿ ಕೆಟ್ಟಿದೆಯೇನಪ್ಪಾ?" ಅಂದರು. ಬೇಸ್ ಪೂರ್ತಿ ಇಳಿಸಿ, ನಾಲ್ಕು ನಾಲ್ಕು ಸಾಲು ಕತ್ತರಿಸಿ ಇಟ್ಟ ಮೇಲೆ ಸರಿಹೋಯಿತು. ರಾಜ್ಯೋತ್ಸವಕ್ಕೆ ಅದನ್ನೇ ಎರಡು ಸಲ ಹಾಕಿಸಿಕೊಂಡರು. ಕಾಸು ಹುಟ್ಟಲಿಲ್ಲ, ಕೂಟದವರು ಕೊಟ್ಟಿದ್ದು ಬಿಸಿಬೇಳೆಬಾತ್.

2009ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್ ದರ ಬದಲಾಯಿತು: 69 ಸೆಂಟ್, 99 ಸೆಂಟ್, 1.29 ಡಾಲರ್. ಹೊಸ ಹಿಟ್‌ಗಳೆಲ್ಲ 1.29ಕ್ಕೆ ಹೋದವು. ನನ್ನ ಹದಿನೈದು ಹಾಡು ಹನ್ನೊಂದಾಯಿತು. ಇದರಿಂದ ಒಳ್ಳೆಯದೇ ಆಯಿತು ಅನ್ನಬೇಕು, ಕೈ ಬಿಗಿಯಾದಷ್ಟೂ ಕಿವಿ ಚುರುಕಾಯಿತು. ಅದೇ ತಿಂಗಳಿಂದ ಬ್ಲ್ಯಾಕ್ ಐಡ್ ಪೀಸ್ 26 ವಾರ ಮೊದಲ ಸ್ಥಾನ ಬಿಡಲಿಲ್ಲ, 12 ವಾರ ಒಂದು ಹಾಡು, 14 ವಾರ ಇನ್ನೊಂದು. ನಂಬರ್ ಒನ್ ನೋಡಿ ಕಲಿಯುವುದು ಏನೂ ಇರಲಿಲ್ಲ. ನನ್ನ ಕಣ್ಣೆಲ್ಲ 15ರಿಂದ 40ರ ನಡುವೆ. ಎರಡನೆಯ ಹಾಡು 'ಐ ಗಾಟಾ ಫೀಲಿಂಗ್' ಮಾತ್ರ ಬಂದ ವಾರವೇ ಕೊಂಡೆ. ಅದರಲ್ಲಿ 'ಮಝಲ್ ಟಾವ್' ಅನ್ನುವ ಯಹೂದಿಗಳ ಶುಭಾಶಯದ ಮಾತಿದೆ, ನನಗೆ ಆ ಶನಿವಾರ ಯಹೂದಿ ಮದುವೆ ಇತ್ತು. ಅವರ ಪದ್ಧತಿಯಂತೆ ಕುರ್ಚಿ ಸಮೇತ ಮದುಮಗನನ್ನು ಎತ್ತಿ ಇಳಿಸಿದ ಮೇಲೆ ಹಾಕಿದೆ. ಅವತ್ತು ಬಂದ ಟಿಪ್ಸ್‌ನಲ್ಲಿ ಎರಡು ತಿಂಗಳ ಹಾಡಿನ ಖರ್ಚು ಹೋಗಿ ಇನ್ನೂ ಉಳಿಯಿತು. ಅಲ್ಲಿಂದಲೇ ಮತ್ತೆರಡು ಮದುವೆ ಸಿಕ್ಕವು.

ವರ್ಷದ ಕೊನೆಗೆ ಮನೆಯವಳ ಪುಸ್ತಕದಲ್ಲಿ ಹಾಡಿನ ಖರ್ಚು ನೂರೆಪ್ಪತ್ತು ಡಾಲರ್ ಚಿಲ್ಲರೆ. ಮುಂಚೆ ಸಾವಿರದ ಮೇಲಿತ್ತು. ಆಫೀಸ್ ಪಾರ್ಟಿ ವಾಪಸ್ ಬರಲಿಲ್ಲ, ಅಕ್ಟೋಬರ್‌ನಲ್ಲಿ ದೇಶದ ನಿರುದ್ಯೋಗ ಶೇ. 10 ಮುಟ್ಟಿತ್ತು, ಎಲ್ಲಿಂದ ಬರಬೇಕು? ಮದುವೆಗಳು ಆ ಜಾಗ ಮುಕ್ಕಾಲು ತುಂಬಿದವು. ರೇಟ್ ಒಂದು ಡಾಲರ್ ಇಳಿಸಲಿಲ್ಲ. ಬದಲಿಗೆ ಒಂದು ಗಂಟೆ ಹೆಚ್ಚು ನುಡಿಸಿದೆ.

ಆ 26 ವಾರದ ಓಟ ಮುರಿದಿದ್ದು ಲಂಡನ್ ಕಡೆಯ ಪಂಜಾಬಿ ಹುಡುಗ ಜೇ ಶಾನ್, 'ಡೌನ್' ಹಾಡಿನಿಂದ, ಅದೇ ಅಕ್ಟೋಬರ್‌ನಲ್ಲಿ. ನಾನು ಬೇಸಿಗೆಯಲ್ಲೇ ಎಡಿಸನ್‌ನ ಎಲ್ಲಾ ಪಾರ್ಟಿಗಳಲ್ಲೂ ಹಾಕುತ್ತಿದ್ದೆ. ದಾವಣಗೆರೆಯವನು ಫೋನ್ ಮಾಡಿ ಪಟ್ಟಿ ಕಳಿಸು ಅಂದ. ಹಾಡುಗಳ ಹೆಸರು ಕಳಿಸಿದೆ, ಯಾವುದರ ಮೇಲೆ ಯಾವುದನ್ನು ಬೆರೆಸಬೇಕು ಅನ್ನುವುದನ್ನು ಕಳಿಸಲಿಲ್ಲ. ಅವನೂ ತನ್ನ ಢೋಲ್‌ನವನ ನಂಬರ್ ನನಗಿನ್ನೂ ಕೊಟ್ಟಿಲ್ಲ.