ಕಾಗದ ಎಲ್ಲಿ ನಿಲ್ಲುತ್ತದೆ: ತಾಲ್ಲೂಕು ಕಚೇರಿಯೊಂದರಲ್ಲಿ ನಾವು ಮಾಡಿದ್ದು

"ಸಾಹೇಬ್ರು ಮೀಟಿಂಗ್‌ದಾಗ ಅದಾರ್ರಿ, ಸೋಮವಾರ ಬರ್ರಿ."

ತಹಸೀಲ್ ಕಚೇರಿಯಲ್ಲಿ ಲಂಚಕ್ಕೆ ದಾರಿ ತೆರೆಯುವುದು ಈ ಮಾತು. ಹಣ ಕೇಳುವ ಮಾತು ಆಮೇಲೆ ಬರುತ್ತದೆ. ಎಷ್ಟೋ ಸಲ ಅದನ್ನು ಯಾರೂ ಆಡಬೇಕಾಗಿಯೇ ಇಲ್ಲ, ನಾಲ್ಕನೇ ಸೋಮವಾರದ ಹೊತ್ತಿಗೆ ಅರ್ಜಿದಾರರೇ "ಚಾ-ಪಾಣಿಗೆ ಏನರ ಇಟ್ಕೋರಿ" ಅನ್ನುತ್ತಾರೆ. ಕಲಬುರಗಿ ಜಿಲ್ಲೆಯ ನಮ್ಮ ತಾಲ್ಲೂಕು ಕಚೇರಿಯಲ್ಲಿ ಲಂಚ ತಡೆಯುವ ಕೆಲಸಕ್ಕೆ ಕೈ ಹಾಕಿದಾಗ ನಾವು ಹಿಡಿದದ್ದು ಒಂದೇ ಪ್ರಶ್ನೆ: ಕಾಗದ ಎಲ್ಲಿ ನಿಲ್ಲುತ್ತದೆ, ಯಾಕೆ ನಿಂತಿತು ಎಂದು ಎಲ್ಲಿ ಬರೆದಿದೆ?

ಮೊದಲು ಆದಾಯ ಪ್ರಮಾಣಪತ್ರವೊಂದನ್ನೇ ತೆಗೆದುಕೊಂಡೆವು. ಮೂವತ್ತು ಅರ್ಜಿ ಆರಿಸಿ, ಅವು ನಾಡಕಚೇರಿ ಆಪರೇಟರ್, ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕ, ಉಪ ತಹಶೀಲ್ದಾರ್ ಇವರಲ್ಲಿ ಯಾರ ಲಾಗಿನ್‌ಗೆ ಯಾವ ದಿನ ಬಂದವು, ಯಾವ ದಿನ ಮುಂದೆ ಹೋದವು ಎಂದು ರೂಲ್ ಹಾಳೆಯ ಮೇಲೆ ಬರೆದೆವು. ಪಕ್ಕದಲ್ಲಿ ನಿಂತ ಕಾರಣಕ್ಕೆ ಒಂದು ಕಾಲಂ. ಆ ಕಾಲಂ ಬಹುಪಾಲು ಖಾಲಿ ಉಳಿಯಿತು. ಇಲ್ಲಿ ಸರಾಸರಿ ತೆಗೆದರೆ ಏನೂ ತಿಳಿಯುವುದಿಲ್ಲ. ಒಬ್ಬ ಗ್ರಾಮ ಆಡಳಿತ ಅಧಿಕಾರಿಗೆ ಹಲವು ಹಳ್ಳಿ, ಜೊತೆಗೆ ಚುನಾವಣೆ, ಸಮೀಕ್ಷೆ, ಸಭೆ. ನಿಜವಾದ ಹೊರೆಯಿಂದ ತಡವಾದರೆ ಎಲ್ಲರ ಅರ್ಜಿಯೂ ಒಂದೇ ಹದದಲ್ಲಿ ತಡವಾಗುತ್ತದೆ. ಅದೇ ಕೈಯಲ್ಲಿ ಕೆಲವು ಅರ್ಜಿ ಎರಡೇ ದಿನಕ್ಕೆ ಹೋಗಿ, ಅದೇ ಹಳ್ಳಿಯ ಉಳಿದವು ಹದಿನೆಂಟು ದಿನ ಕೂತಿದ್ದರೆ ಅದನ್ನು ಕೇಳಲೇಬೇಕು. ಕೇಳುವಾಗ ಆರೋಪ ಬೇಡ. "ಇದು ಮೊದಲು ಹೋಗಿದ್ದಕ್ಕೆ ಕಾರಣ ಬರೀರಿ" ಎಂದರೆ ಸಾಕು. ಆಸ್ಪತ್ರೆ, ಕೌನ್ಸೆಲಿಂಗ್‌ನಂಥ ನಿಜವಾದ ತುರ್ತಿಗೆ ಕಾರಣ ಬರೆಯಲು ಯಾರಿಗೂ ಕಷ್ಟವಾಗುವುದಿಲ್ಲ.

ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಲೇಬೇಕೆನ್ನುವ ಸಕಾಲ ಯೋಜನೆ ಬಂದು ಹತ್ತು ವರ್ಷಕ್ಕೂ ಮೇಲಾಯಿತು. 2012ರ ಮಾರ್ಚ್ 1ರಂದು ನಾಲ್ಕು ತಾಲ್ಲೂಕುಗಳಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ನಮ್ಮ ನೆರೆಯ ಬೀದರ್ ಜಿಲ್ಲೆಯ ಔರಾದ್ ಅವುಗಳಲ್ಲೊಂದು. ಏಪ್ರಿಲ್ 2ರಿಂದ ರಾಜ್ಯದೆಲ್ಲೆಡೆ ಬಂತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನು ಅರ್ಜಿದಾರರಿಗೆ ಕೊಡಬೇಕು. ಗಡುವು ಇರುವ ಕಡೆ ಗಡುವಿನಿಂದ ತಪ್ಪಿಸಿಕೊಳ್ಳುವ ದಾರಿಗಳೂ ಹುಟ್ಟುತ್ತವೆ. ನಾವು ಕಂಡವು ಮುಖ್ಯವಾಗಿ ಎರಡು.

ಒಂದು, ಅರ್ಜಿಯನ್ನು ಕೈಗೆ ತೆಗೆದುಕೊಂಡು ಸಕಾಲ ಸಂಖ್ಯೆ ಕೊಡದೆ ಮೇಜಿನ ಖಾನೆಯಲ್ಲಿಡುವುದು. ಸಂಖ್ಯೆ ಹುಟ್ಟದಿದ್ದರೆ ಗಡುವೂ ಹುಟ್ಟುವುದಿಲ್ಲ. ಇದಕ್ಕೆ ಟಪಾಲು ಸ್ವೀಕಾರವನ್ನು ಒಂದೇ ಕಿಟಕಿಗೆ ತಂದೆವು. ಬೇರೆ ಯಾವ ಮೇಜಿನ ಮೇಲೂ ಸಂಖ್ಯೆಯಿಲ್ಲದ ಕಾಗದ ಇರಬಾರದು. ವಾರಕ್ಕೊಮ್ಮೆ, ಮೊದಲೇ ಹೇಳದ ದಿನ, ಸಂಜೆ ಐದಕ್ಕೆ ಇಬ್ಬರು ಎಲ್ಲ ಮೇಜುಗಳ ಖಾನೆ ನೋಡುತ್ತಾರೆ. ಶಿರಸ್ತೇದಾರರ ಮೇಜಿನಿಂದಲೇ ಶುರು. ಕೆಳಗಿನವರ ಖಾನೆ ಮಾತ್ರ ತೆಗೆದರೆ ಎರಡನೇ ವಾರಕ್ಕೇ ಈ ಪದ್ಧತಿ ಸಾಯುತ್ತದೆ.

ಇನ್ನೊಂದು, ಗಡುವು ಮುಗಿಯುವ ಹಿಂದಿನ ದಿನ ತಿರಸ್ಕರಿಸುವುದು. ಲೆಕ್ಕದಲ್ಲಿ ಅದು "ಸಕಾಲದಲ್ಲಿ ವಿಲೇವಾರಿ". ಅರ್ಜಿದಾರರು ಮಾತ್ರ ಮತ್ತೆ ಮೊದಲಿನಿಂದ ಸಾಲಿಗೆ ನಿಲ್ಲಬೇಕು, ದಲ್ಲಾಳಿ ಅಲ್ಲೇ ಸಿಗುತ್ತಾನೆ. ಹಾಗಾಗಿ ಗಡುವಿನ ಕೊನೆಯ ಮೂರು ದಿನಗಳಲ್ಲಿ ಆದ ಪ್ರತಿ ತಿರಸ್ಕಾರವನ್ನೂ ಮೇಲಿನ ಅಧಿಕಾರಿ ತೆರೆದು ಓದುವ ಕ್ರಮ ಮಾಡಿದೆವು. ಆಕ್ಷೇಪಣೆ ಏನೇ ಇದ್ದರೂ ಅರ್ಜಿ ಬಂದ ಮೂರು ದಿನದೊಳಗೆ, ಎಲ್ಲವನ್ನೂ ಒಂದೇ ಸಲ, ಅಚ್ಚು ಹಾಕಿಸಿದ ಪಟ್ಟಿಯಲ್ಲಿ ಗುರುತು ಮಾಡಿ ಒಂದು ಪ್ರತಿ ಅರ್ಜಿದಾರರಿಗೆ ಕೊಡಬೇಕು. ಇವತ್ತು ರೇಷನ್ ಕಾರ್ಡ್ ಇಲ್ಲ, ಮುಂದಿನ ವಾರ ಟಿ.ಸಿ. ಇಲ್ಲ ಅನ್ನುವುದಕ್ಕೆ ಆಮೇಲೆ ಅವಕಾಶವಿಲ್ಲ. ಪಟ್ಟಿಯ ಕೊನೆಗೆ "ಇತರೆ" ಎಂಬ ಸಾಲು ಇಟ್ಟಿದ್ದು ನಮ್ಮ ತಪ್ಪು. ಆಕ್ಷೇಪಣೆಗಳೆಲ್ಲ ಅಲ್ಲಿಗೇ ಬಂದು ಕೂತವು, ಎರಡನೇ ಅಚ್ಚಿನಲ್ಲಿ ಅದನ್ನು ತೆಗೆದೆವು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಇದೆಲ್ಲದರ ಒತ್ತಡ ಎರಡು ಪಟ್ಟು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಜಾತಿ, ಆದಾಯ ಪತ್ರದ ಜೊತೆಗೆ, ಈ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವೂ ಬೇಕು. ಅದನ್ನು ಕೊಡುವವರು ಉಪವಿಭಾಗಾಧಿಕಾರಿ. ಸೀಟಿನ ಕೊನೆಯ ದಿನಾಂಕ ಎದುರಿಗಿರುವ ತಂದೆ ಎಷ್ಟು ಕೇಳಿದರೂ ಕೊಡುತ್ತಾನೆ. ಆದ್ದರಿಂದ ಮಾರ್ಚ್, ಏಪ್ರಿಲ್‌ನಲ್ಲೇ ಪ್ರೌಢಶಾಲೆ, ಪಿಯು ಕಾಲೇಜುಗಳಿಂದ ಪಟ್ಟಿ ತರಿಸಿ ಅಲ್ಲಿಯೇ ಅರ್ಜಿ ಪಡೆದೆವು. ಜೂನ್‌ನ ಸಾಲು ಕರಗಿದರೆ ಸಾಲು ತಪ್ಪಿಸುವ ವ್ಯಾಪಾರವೂ ಕರಗುತ್ತದೆ.

ಅರ್ಜಿದಾರರಿಗೆ ಫೋನ್ ಮಾಡಿ ಕೇಳುವುದು ನಮಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ವಾರಕ್ಕೆ ಹತ್ತು ವಿಲೇವಾರಿ ಅರ್ಜಿ, ಚೀಟಿ ಎತ್ತಿ ಆರಿಸಿದ್ದು. ಕರೆ ಮಾಡುವವರು ಬೇರೆ ಶಾಖೆಯವರು. "ಲಂಚ ಕೊಟ್ಟೀರೇನು?" ಎಂದು ಕೇಳಬಾರದು. ಯಾರೂ ಹೌದು ಅನ್ನುವುದಿಲ್ಲ, ಅನ್ನಲು ಹೆದರುವುದು ಸಹಜ. ನಾವು ಕೇಳಿದ್ದು ನಾಲ್ಕು: ಎಷ್ಟು ಸಲ ಬಂದಿರಿ, ಯಾರನ್ನು ಕಂಡಿರಿ, ಯಾವ ಕಾಗದ ಕೇಳಿದರು, ಮನೆ ಬಿಟ್ಟಾಗಿನಿಂದ ಪತ್ರ ಕೈಗೆ ಬರುವತನಕ ಬಸ್ಸು, ಝೆರಾಕ್ಸ್ ಸೇರಿ ಒಟ್ಟು ಎಷ್ಟು ಖರ್ಚಾಯಿತು. ಕೊನೆಯ ಉತ್ತರದಿಂದ ಬಸ್ ಚಾರ್ಜು, ನಿಗದಿತ ಶುಲ್ಕ ಕಳೆದರೆ ಉಳಿದ ಮೊತ್ತ ತಾನೇ ಮಾತಾಡುತ್ತದೆ. ಅದು ಕಚೇರಿಯೊಳಗೆ ಹೋಯಿತೋ ಹೊರಗಿನ ಅರ್ಜಿ ಬರೆಯುವವನಿಗೆ ಹೋಯಿತೋ ಎಂಬುದನ್ನು ಬೇರೆ ಮಾಡಬೇಕು. ಇಲ್ಲದಿದ್ದರೆ ನಿರಪರಾಧಿ ಗುಮಾಸ್ತನ ಹೆಸರು ಕೆಡುತ್ತದೆ.

ಕರೆ ಮಾಡುವಾಗಲೇ ಇನ್ನೊಂದು ಸಂಗತಿ ಸಿಕ್ಕಿತು. ಬೇರೆ ಬೇರೆ ಹಳ್ಳಿಯ ಅರ್ಜಿಗಳಲ್ಲಿ ಒಂದೇ ಮೊಬೈಲ್ ಸಂಖ್ಯೆ. ಅದು ದಲ್ಲಾಳಿಯದು. ಒಂದು ಸಂಖ್ಯೆ ತಿಂಗಳಲ್ಲಿ ಐದಕ್ಕಿಂತ ಹೆಚ್ಚು ಅರ್ಜಿಯಲ್ಲಿ ಬಂದರೆ ಆ ಪಟ್ಟಿ ಬೇರೆ ತೆಗೆದು, ಅವು ಯಾವ ಲಾಗಿನ್‌ನಲ್ಲಿ ಬೇಗ ಹೋಗಿವೆ ಎಂದು ನೋಡುತ್ತೇವೆ. ದಲ್ಲಾಳಿಯನ್ನು ಗೇಟಿನಿಂದ ಓಡಿಸಿದರೆ ನಾಳೆ ಚಹಾದಂಗಡಿಯಲ್ಲಿ ಕೂರುತ್ತಾನೆ. ಜನ ಅವನ ಹತ್ತಿರ ಹೋಗುವುದು ಅರ್ಜಿ ತುಂಬಲು ಬಾರದೆ. ತುಂಬಿದ ಮಾದರಿ ಅರ್ಜಿಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ದೊಡ್ಡದಾಗಿ ಗೋಡೆಗೆ ಹಾಕಿ, ಬೆಳಿಗ್ಗೆ ಎರಡು ತಾಸು ಒಬ್ಬರನ್ನು ಬರೆದುಕೊಡಲು ಕೂರಿಸಿದ್ದು ಹೆಚ್ಚು ಕೆಲಸ ಮಾಡಿತು.

ಬೆಳೆಹಾನಿ ಪರಿಹಾರದ ಮಾತೇ ಬೇರೆ. ಇಲ್ಲಿ ತಡಕ್ಕಿಂತ ಒಂದು ಅಕ್ಷರದ ಬೆಲೆ ದೊಡ್ಡದು. 2022–26ರ ವಿಪತ್ತು ಪರಿಹಾರ ಮಾನದಂಡದಂತೆ ಶೇ 33 ಮತ್ತು ಅದಕ್ಕಿಂತ ಹೆಚ್ಚು ಹಾನಿಯಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರಿನ ಮಿತಿಗೆ. ತೊಗರಿಯ ಖುಷ್ಕಿ ಹೊಲವನ್ನು ನೀರಾವರಿ ಎಂದು ಬರೆದರೆ ಎರಡು ಹೆಕ್ಟೇರಿಗೆ 17,000 ಇದ್ದದ್ದು 34,000 ಆಗುತ್ತದೆ. ಶೇ 30 ಹಾನಿಯನ್ನು 35 ಎಂದರೆ ಸೊನ್ನೆಯಿದ್ದ ಕಡೆ ಪರಿಹಾರ ಹುಟ್ಟುತ್ತದೆ. ಉಲ್ಟಾ ಬರೆದು ಬಡವನ ಪಾಲು ಕಳೆಯುವುದೂ ಅಷ್ಟೇ ಸುಲಭ, ಅವನು ಕೇಳಲು ಬರುವುದೂ ಕಡಿಮೆ.

ಹಾಗಾಗಿ ಕಂದಾಯ, ಕೃಷಿ, ತೋಟಗಾರಿಕೆ ಜಂಟಿ ತಂಡದಲ್ಲಿ ಯಾರೂ ತಮ್ಮ ಸ್ವಂತ ಊರಿನ ಸಮೀಕ್ಷೆಗೆ ಹೋಗದಂತೆ ಮಾಡಿದೆವು. ಮೂವರ ಸಹಿಯೂ ಹೊಲದಲ್ಲೇ ಆಗಬೇಕು. ಸಂಜೆ ಕಚೇರಿಯಲ್ಲಿ ಒಟ್ಟಿಗೆ ಹಾಕಿದ ಸಹಿಗಳ ಶಾಯಿ, ಓಟ ಎಲ್ಲ ಒಂದೇ ಥರ ಇರುತ್ತವೆ, ಕಣ್ಣಿಗೆ ಬೀಳುತ್ತವೆ. ಆಮೇಲೆ ಪಹಣಿಯ ನೀರಿನ ಮೂಲ, ಬೆಳೆ ಸಮೀಕ್ಷೆಯ ಫೋಟೊ, ಹಾನಿ ಪಟ್ಟಿ ಮೂರನ್ನೂ ಪಕ್ಕಪಕ್ಕ ಇಟ್ಟು, ಹೊಂದದ ಸರ್ವೆ ನಂಬರುಗಳಿಗೆ ಮಾತ್ರ ಎರಡನೇ ಸಲ ಹೋಗುವುದು. ಪಹಣಿ ಹಳೆಯದಾಗಿ, ಕೊಳವೆಬಾವಿ ಈಚೆಗೆ ಕೊರೆಸಿದ್ದಿರಬಹುದು. ಹೊಂದಲಿಲ್ಲ ಎಂದ ಮಾತ್ರಕ್ಕೆ ಕಳ್ಳತನ ಅನ್ನಬಾರದು. ಕೊನೆಗೆ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಶೇಕಡಾ, ಮೊತ್ತ ಇಷ್ಟನ್ನೂ ಬರೆದ ಕರಡು ಪಟ್ಟಿಯನ್ನು ಗ್ರಾಮ ಪಂಚಾಯಿತಿ, ಗುಡಿಯ ಕಟ್ಟೆ, ಮಸೀದಿಯ ಹತ್ತಿರ ಏಳು ದಿನ ಅಂಟಿಸಿ ಗಟ್ಟಿಯಾಗಿ ಓದಿಸುವುದು. ಭೀಮಾ ದಂಡೆಯ ಊರಿನಲ್ಲಿ ಯಾರ ಹೊಲಕ್ಕೆ ನೀರು ನುಗ್ಗಿತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಬರೀ ಹೆಸರು ಮತ್ತು ಮೊತ್ತ ಹಾಕಿದರೆ ಯಾರಿಗೂ ತಪ್ಪು ಹಿಡಿಯಲು ಬಾರದು, ಶೇಕಡಾ ಮತ್ತು ಬೆಳೆ ಇರಲೇಬೇಕು.

ಪ್ರಾಮಾಣಿಕವಾಗಿ ಇರಬೇಕೆನ್ನುವ ನೌಕರನಿಗೆ ಬೆನ್ನು ಬೇಕು. ಹೊಸದಾಗಿ ಸೇರಿದ ಹುಡುಗ, ಹುಡುಗಿಯರನ್ನು ಹೆಚ್ಚು ಕೆಡಿಸುವುದು ಮೇಲಿನಿಂದ ಬಾಯಿಮಾತಿನಲ್ಲಿ ಬರುವ ಆದೇಶ. ಮೇಲಧಿಕಾರಿಯ ಸೂಚನೆಯನ್ನು ಸಾಧ್ಯವಿದ್ದಲ್ಲೆಲ್ಲ ಬರಹದಲ್ಲಿ ಪಡೆಯಬೇಕು, ಆಗದಿದ್ದರೆ ಆದಷ್ಟು ಬೇಗ ಬರಹದಲ್ಲಿ ದೃಢೀಕರಿಸಿಕೊಳ್ಳಬೇಕು ಎಂಬುದು ನಡತೆ ನಿಯಮಗಳಲ್ಲೇ ಇದೆ. ಅದಕ್ಕೆ ಒಂದು ವಾಕ್ಯ ಕಲಿಸಿದೆವು: "ದಿನಾಂಕ ಇಂತಹದರಂದು ದೂರವಾಣಿಯಲ್ಲಿ ತಾವು ನೀಡಿದ ಸೂಚನೆಯಂತೆ ಕಡತವನ್ನು ಆದೇಶಕ್ಕಾಗಿ ಮಂಡಿಸಿದೆ." ಇದರಲ್ಲಿ ಉದ್ಧಟತನವಿಲ್ಲ, ದೂರೂ ಇಲ್ಲ. ತಪ್ಪು ಸೂಚನೆಗಳಲ್ಲಿ ಬಹಳಷ್ಟು ಈ ಸಾಲು ಕಂಡ ಮೇಲೆ ಮುಂದುವರಿಯುವುದಿಲ್ಲ.

ಉಡುಗೊರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಾಶಿಯಾದ ಮೇಲೆ ಬರುವ ತೊಗರಿ ಚೀಲ, ದೀಪಾವಳಿಯ ಮಿಠಾಯಿ ಡಬ್ಬಿ ಅದೇ ದಿನ ವಾಪಸ್, ರಿಜಿಸ್ಟರಿನಲ್ಲಿ ಒಂದು ಸಾಲು. "ಎಲ್ಲರೂ ಹಂಚಿಕೊಂಡು ತಿನ್ನೋಣ" ಎಂಬುದು ಇನ್ನೂ ಕೆಟ್ಟದ್ದು, ಇಡೀ ಕಚೇರಿ ಒಬ್ಬರ ಋಣಕ್ಕೆ ಬೀಳುತ್ತದೆ.

ದೂರು ಪೆಟ್ಟಿಗೆಗೆ ಎರಡು ಬೀಗ, ಎರಡು ಶಾಖೆಯವರ ಕೈಯಲ್ಲಿ ಒಂದೊಂದು ಕೀಲಿ. ಗೋಡೆಯ ಫಲಕವನ್ನೂ ನೋಡಿಕೊಳ್ಳಬೇಕು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳದ (ಎಸಿಬಿ) ರಚನೆಯ ಆದೇಶ ರದ್ದು ಮಾಡಿ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿದ ಮೇಲೂ ಫಲಕದಲ್ಲಿ ಎಸಿಬಿ ಸಂಖ್ಯೆಯೇ ಉಳಿದಿದ್ದರೆ ದೂರು ಎಲ್ಲಿಗೂ ತಲುಪದು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಈ ಏಳು ದಿನದ ಮಾತನ್ನು ಫಲಕದಲ್ಲಿ ದಪ್ಪಕ್ಷರದಲ್ಲಿ ಬರೆಸಿದೆವು.

ವರ್ಗಾವಣೆಯೊಂದು ಬಂದರೆ ಇದೆಲ್ಲ ಕುಸಿಯುವ ಭಯ ಯಾವಾಗಲೂ ಇದೆ. ಅದಕ್ಕೇ ಫೋನ್ ಕರೆಯ ಪುಸ್ತಕ, ತಿರಸ್ಕಾರ ಪರಿಶೀಲನೆಯ ರಿಜಿಸ್ಟರ್, ಉಡುಗೊರೆ ರಿಜಿಸ್ಟರ್ ಮೂರನ್ನೂ ಹುದ್ದೆ ಬಿಟ್ಟುಕೊಡುವಾಗ ಒಪ್ಪಿಸುವ ಪ್ರಭಾರ ಪಟ್ಟಿಯಲ್ಲಿ ಸೇರಿಸಿದೆವು. ಹೊಸಬರು ನಗದು ಪುಸ್ತಕಕ್ಕೆ ಸಹಿ ಹಾಕಿ ಪಡೆಯುವಂತೆ ಇವನ್ನೂ ಕೊನೆಯ ಪುಟದ ದಿನಾಂಕ ನೋಡಿ, ಸಹಿ ಹಾಕಿಯೇ ಪಡೆಯಬೇಕು.